ಮೂವತ್ತೇಳನೇ ನಂಬರಿನ ಹಾಜರಿ

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ನಮ್ಮ ಹಾಸನದ ಮನೆಯ ಹಜಾರದಲ್ಲಿ ಮೂರು ಜನ ಕೂತಿದ್ದೆವು. ನಾನು, ನನ್ನ ಹೆಂಡತಿ ಗೌರಮ್ಮ, ಮಗಳ ಮಗಳು ಚೈತ್ರ. ಗೌರಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ನನ್ನ ಮುಂದೆಯೂ ಒಂದು ತಟ್ಟೆ ಅಕ್ಕಿ ಸುರಿದಿದ್ದಳು. ನಾನು ಕಲ್ಲನ್ನು ತಟ್ಟೆಯಲ್ಲಿ ಬಿಟ್ಟು ಅಕ್ಕಿಯನ್ನೇ ಎತ್ತಿ ಎಸೆಯುತ್ತೇನೆ ಎಂದು ಅವಳ ದೂರು. ಮದುವೆಯಾದಾಗಿನಿಂದ ಇದೆ ಈ ದೂರು, ನಾನೂ ತಿದ್ದಿಕೊಂಡಿಲ್ಲ.

ಚೈತ್ರ ಬಿಬಿಎಗೆ ಸೇರಿದ್ದಾಳೆ. ಕಾಲೇಜಿನವರು ಕೊಟ್ಟ ಪುಸ್ತಕ ಹಿಡಿದುಕೊಂಡು ಬಂದು ನಮ್ಮಿಬ್ಬರಿಗೂ ಪಾಠ ಹೇಳುವವಳ ಹಾಗೆ ಓದತೊಡಗಿದಳು. ಹೊಸ ಮಸಿಯ ವಾಸನೆ ಮೂಗಿಗೆ ಬಡಿಯಿತು. ಪದವಿ ಪಡೆಯಬೇಕಾದರೆ ಏನೇನು ಆಗಬೇಕು ಅನ್ನುವುದರ ಪಟ್ಟಿ ಅದು. ಎರಡು ಭಾಷೆ, ಇಷ್ಟು ಪೇಪರು, ಒಂದು ಪ್ರಾಜೆಕ್ಟು, ಯಾವುದೋ ಕಂಪನಿಯಲ್ಲಿ ಕೆಲವು ವಾರ ಕೆಲಸ. ಕೊನೆಗೆ, ಶೇಕಡ ಎಪ್ಪತ್ತೈದು ಹಾಜರಿ. ಅಲ್ಲಿಗೆ ಬಂದಾಗ ಹುಡುಗಿ ನಕ್ಕಳು.

"ಇದೊಂದು ಬಿಡಿ ತಾತ. ಯಾರಾದ್ರೂ ಫ್ರೆಂಡ್ಸ್ ಕೂಗ್ತಾರೆ."

ನನ್ನ ಕೈ ಅಕ್ಕಿಯಲ್ಲೇ ನಿಂತುಹೋಯಿತು. ಕೂಗುವ ಫ್ರೆಂಡು ನಾನೇ ಆಗಿದ್ದೆ. ಆ ಕತೆಯನ್ನು ಆವತ್ತಿನವರೆಗೆ ನಾನು ಯಾರಿಗೂ, ಪಕ್ಕದಲ್ಲಿ ಕೂತಿದ್ದ ಗೌರಮ್ಮನಿಗೂ ಹೇಳಿರಲಿಲ್ಲ. ಆವತ್ತು ಹೇಳಿದೆ. ನಿಮಗೂ ಹೇಳುತ್ತೇನೆ, ಕೂತುಕೊಳ್ಳಿ.

ಅರವತ್ತರ ದಶಕದ ನಡುವಿನ ಮಾತು. ನಮ್ಮದು ಹೊಳೆನರಸೀಪುರ, ಪೇಟೆಬೀದಿಯಲ್ಲಿ ಜವಳಿ ಅಂಗಡಿ. ನಮ್ಮ ವಂಶದಲ್ಲಿ ಎಸ್ಸೆಸ್ಸೆಲ್ಸಿ ದಾಟಿದವನು ನಾನೊಬ್ಬನೇ. ನನ್ನನ್ನು ಹಾಸನಕ್ಕೆ ಬಿಕಾಂ ಓದಲು ಕಳಿಸಿದಾಗ ನಮ್ಮಪ್ಪ ಬಟ್ಟೆ ಕೊಳ್ಳಲು ಬಂದವರಿಗೆಲ್ಲ ಅಳತೆಗೋಲು ಹಿಡಿದುಕೊಂಡೇ ಆ ಸುದ್ದಿ ಹೇಳುತ್ತಿದ್ದರು. ಬಿಕಾಂ ಅಂದರೆ ಏನು ಎಂದು ಕೇಳಿದವರಿಗೆ, "ವ್ಯಾಪಾರವನ್ನ ಇಂಗ್ಲಿಷಿನಲ್ಲಿ ಮಾಡೋದು" ಎಂದು ವಿವರಿಸುತ್ತಿದ್ದರು. ಮೂರು ವರ್ಷ ಓದಿದ ಮೇಲೆ ನನಗೂ ಅದಕ್ಕಿಂತ ಹೆಚ್ಚೇನೂ ತಿಳಿದಿರಲಿಲ್ಲ ಅನ್ನಿ.

ಹಾಸನದಲ್ಲಿ ನನಗೊಂದು ಬಾಡಿಗೆ ಕೋಣೆ. ಶನಿವಾರ ರೈಲು ಹತ್ತಿ ಊರಿಗೆ, ಸೋಮವಾರ ಅಜ್ಜಿ ಕಟ್ಟಿಕೊಟ್ಟ ರೊಟ್ಟಿ ಚಟ್ನಿಪುಡಿಯೊಂದಿಗೆ ವಾಪಸು. ಈ ಅಜ್ಜಿಯೇ ನನಗೆ ಮಾತು ಕಲಿಸಿದವಳು. ಅಂಗಡಿಯ ಜಗಲಿಯ ಮೇಲೆ ಕೂತು, ಬಂದು ಹೋದ ಗಿರಾಕಿಗಳ ಹಾಗೆ ಮಾತಾಡಿ ತೋರಿಸುತ್ತಿದ್ದಳು. ಅರಕಲಗೂಡಿನವನು ಹಕಾರವನ್ನು ನುಂಗುವ ರೀತಿ ಬೇರೆ, ಚನ್ನರಾಯಪಟ್ಟಣದವನು ಮಾತಿನ ಕೊನೆಯನ್ನು ಎಳೆಯುವ ರೀತಿ ಬೇರೆ. ಕಣ್ಣು ಮುಚ್ಚಿ ಕೇಳಿದರೆ ಆ ಮನುಷ್ಯನೇ ಎದುರಿಗೆ ನಿಂತ ಹಾಗೆ. ಅಜ್ಜಿಯ ಆ ವಿದ್ಯೆಯನ್ನು ನಾನು ಕಾಲೇಜಿನಲ್ಲಿ ಖರ್ಚು ಮಾಡಿದೆ.

ನಮ್ಮ ಕ್ಲಾಸಿನಲ್ಲಿ ನಲವತ್ತು ಚಿಲ್ಲರೆ ಜನ. ಮೇಷ್ಟ್ರು ಹೆಸರು ಕೂಗುತ್ತಿರಲಿಲ್ಲ, ನಂಬರು ಕೂಗುತ್ತಿದ್ದರು, ಅದೂ ರಿಜಿಸ್ಟರಿನಿಂದ ತಲೆ ಎತ್ತದೆ. ಶಾಂತಿಗ್ರಾಮದಿಂದ ಬರುವವರಿಗೆ ಬಸ್ಸು ತಪ್ಪಿದರೆ ನಾನೇ ಅವರ ದನಿಯಲ್ಲಿ "ಪ್ರೆಸೆಂಟ್ ಸಾ" ಅನ್ನುತ್ತಿದ್ದೆ. ದಂಡಿಗನಹಳ್ಳಿಯವನಿಗೆ ಹೊಟ್ಟೆನೋವು ಬಂದರೆ ಅವನ ದನಿ. ಒಂದು ದಿನ ನಾಲ್ಕು ಜನರಿಗೆ ನಾಲ್ಕು ದನಿಯಲ್ಲಿ ಉತ್ತರ ಕೊಟ್ಟು ಐದನೆಯದಾಗಿ ನನ್ನ ನಂಬರಿಗೆ ಉತ್ತರಿಸುವುದನ್ನೇ ಮರೆತೆ. ಕ್ಲಾಸಿನಲ್ಲಿ ಕೂತೇ ಗೈರುಹಾಜರಾದವನು ಆ ಕಾಲೇಜಿನಲ್ಲಿ ನಾನೊಬ್ಬನೇ ಇರಬೇಕು. ಈ ಕೆಲಸಕ್ಕೆ ಬೇರೆಯವರಿಂದ ಒಂದು ಮಸಾಲೆ ದೋಸೆ ವಸೂಲು ಮಾಡುತ್ತಿದ್ದೆ. ಮೂವತ್ತೇಳನೇ ನಂಬರಿಗೆ ಮಾತ್ರ ಪುಕ್ಕಟೆ.

ಮೂವತ್ತೇಳು ಅಂದರೆ ಜವರಯ್ಯ, ನನ್ನ ಪಕ್ಕದಲ್ಲಿ ಕೂರುವವನು. ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದವನು. ಅಪ್ಪ ಇಲ್ಲ, ಅವ್ವ ಕೂಲಿಗೆ ಹೋಗುತ್ತಿದ್ದಳು. ಸರ್ಕಾರದ ಹಾಸ್ಟೆಲಿನಲ್ಲಿ ಊಟ, ಸರ್ಕಾರದ ಸ್ಕಾಲರ್‌ಶಿಪ್ಪಿನಲ್ಲಿ ಓದು. ಮರ್ಕೆಂಟೈಲ್ ಲಾ, ಅಂದರೆ ವ್ಯಾಪಾರದ ಕಾನೂನಿನ ಪಾಠವನ್ನು ನನಗೆ ಅರ್ಥವಾಗುವ ಹಾಗೆ ಹೇಳಿಕೊಟ್ಟವನು ಅವನು, ಮೇಷ್ಟ್ರಲ್ಲ. ಅಂಗಡಿ ಮುಂದೆ ಇಬ್ಬರು ಜಗಳವಾಡುವ ಹಾಗೆ ಎರಡೂ ಕಡೆಯ ಮಾತು ತಾನೇ ಆಡಿ ತೋರಿಸುತ್ತಿದ್ದ. ಅಕ್ಷರ ನೋಡಿದರೆ ಅಚ್ಚು ಹಾಕಿದ ಹಾಗೆ. ಆದರೆ ನಾಟಿ, ಕೊಯ್ಲು ಬಂದರೆ ನಾಲ್ಕು ದಿನ ಊರಿಗೆ ಹೋಗಲೇಬೇಕು, ಅವ್ವನೊಬ್ಬಳ ಕೈಲಿ ಆಗುತ್ತಿರಲಿಲ್ಲ. ಆ ದಿನಗಳಿಗೆ ನಾನು ಅವನ ದನಿಯಾಗುತ್ತಿದ್ದೆ.

ನೋಟೀಸ್ ಬೋರ್ಡಿಗೆ ತೆಳ್ಳನೆಯ ಕಾಗದದಲ್ಲಿ ಟೈಪು ಮಾಡಿ ಅಂಟಿಸಿದ್ದರು. ಪದವಿ ಬೇಕಾದವನು ಎಲ್ಲಾ ಭಾಗಗಳಲ್ಲೂ ಪಾಸಾಗಬೇಕು. ಪರೀಕ್ಷೆಗೆ ಕೂರಬೇಕಾದರೆ ನೂರಕ್ಕೆ ಎಪ್ಪತ್ತೈದು ದಿನ ಕ್ಲಾಸಿನಲ್ಲಿರಬೇಕು. ಕಾಯಿಲೆಯಾಗಿ ಬಾರದಿದ್ದವನು ಡಾಕ್ಟರ ಸರ್ಟಿಫಿಕೇಟು ತಂದರೆ ಪ್ರಿನ್ಸಿಪಾಲರು ಸ್ವಲ್ಪ ಮನ್ನಿಸಬಹುದು. ಜವರಯ್ಯನಿಗೆ ಇನ್ನೊಂದು ಷರತ್ತೂ ಇತ್ತು. ಒಂದು ವರ್ಷ ಹಿಂದೆ ಬಿದ್ದರೂ ಸ್ಕಾಲರ್‌ಶಿಪ್ಪು ನಿಲ್ಲುತ್ತಿತ್ತು, ಹಾಸ್ಟೆಲೂ ಹೋಗುತ್ತಿತ್ತು. ನಾವು ನಪಾಸಾದರೆ ಮತ್ತೆ ಕೂರುತ್ತಿದ್ದೆವು. ಅವನಿಗೆ ಮತ್ತೆ ಎಂಬುದೇ ಇರಲಿಲ್ಲ.

ಕೊನೆಯ ವರ್ಷ ರಾಗಿ ಕೊಯ್ಲಿಗೆ ಊರಿಗೆ ಹೋದ. ನಾಲ್ಕು ದಿನವಾಯಿತು, ವಾರವಾಯಿತು, ಬರಲಿಲ್ಲ. ನಾನು ದಿನವೂ ಅವನ ಗಂಟಲಿನಲ್ಲಿ ಪ್ರೆಸೆಂಟ್ ಅನ್ನುತ್ತಲೇ ಇದ್ದೆ. ಹನ್ನೊಂದು ದಿನ ಹಾಗೆ ಕೂಗಿದ ಮೇಲೆ ಒಂದು ಕಾರ್ಡು ಬಂತು. ಬೇರೆ ಯಾರೋ ಬರೆದದ್ದು. ಜವರಯ್ಯ ಅರಕಲಗೂಡಿನ ಆಸ್ಪತ್ರೆಯಲ್ಲಿದ್ದಾನೆ, ವಿಷಮಶೀತ ಜ್ವರ, ಇನ್ನೂ ಎರಡು ವಾರ ಏಳುವಂತಿಲ್ಲ. ಆವತ್ತಿನಿಂದ ನಾನು ಕೂಗುವುದನ್ನು ನಿಲ್ಲಿಸಿದೆ. ನಿಜವಾಗಿ ಕಾಯಿಲೆ ಬಿದ್ದವನಿಗೆ ಸುಳ್ಳು ಹಾಜರಿ ಯಾಕೆ ಎಂದು ನನ್ನ ಲೆಕ್ಕ. ಹಿಂದಿನ ಹನ್ನೊಂದು ದಿನ ಅವನಿಗೆ ಲಾಭವಾಯಿತಲ್ಲ ಎಂದು ಒಳಗೊಳಗೇ ಹೆಮ್ಮೆ ಕೂಡ.

ಅವನು ವಾಪಸು ಬಂದಾಗ ಗುರುತೇ ಸಿಗಲಿಲ್ಲ. ತಲೆಗೂದಲು ಉದುರಿ ಟವೆಲು ಸುತ್ತಿಕೊಂಡಿದ್ದ, ಷರಟು ಹ್ಯಾಂಗರಿಗೆ ಹಾಕಿದ ಹಾಗೆ ತೂಗುತ್ತಿತ್ತು. ಬಂದವನೇ ಆಫೀಸಿಗೆ ಹೋಗಿ ಡಾಕ್ಟರ ಸರ್ಟಿಫಿಕೇಟು ಕೊಟ್ಟು, ಆಮೇಲೆ ಕ್ಲಾಸಿಗೆ ಬಂದ. ಆಸ್ಪತ್ರೆ ಸೇರಿದ ದಿನದಿಂದ ಬಿಡುಗಡೆಯಾದ ದಿನದವರೆಗೆ ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತಂತೆ. ನಾನು ಹನ್ನೊಂದು ದಿನದ ನನ್ನ ಸಾಧನೆಯನ್ನು ಹೇಳಿಕೊಂಡೆ. ಅವನು ನಕ್ಕು, "ನನ್ಗಿಂತ ನೀನೇ ಚೆನ್ನಾಗಿ ಜವರಯ್ಯ ಆಗಿದ್ದೀಯಲ್ಲಾ" ಅಂದ. ಇಬ್ಬರಿಗೂ ಹೊಳೆಯಲಿಲ್ಲ ನೋಡಿ. ಎರಡು ಕಾಗದಗಳನ್ನು ಪಕ್ಕಪಕ್ಕದಲ್ಲಿಟ್ಟು ತಾಳೆ ನೋಡುವ ವಿದ್ಯೆಯನ್ನೇ ಮೂರು ವರ್ಷದಿಂದ ಕಲಿಯುತ್ತಿದ್ದವರು ನಾವು.

ಆಫೀಸಿನವರು ತಾಳೆ ನೋಡಿದರು. ಅರಕಲಗೂಡಿನ ಮಂಚದ ಮೇಲೆ ಜ್ವರದಲ್ಲಿ ಮಲಗಿದ್ದ ಹುಡುಗ, ಅದೇ ದಿನಗಳಲ್ಲಿ ಹಾಸನದ ಕ್ಲಾಸಿನಲ್ಲಿ ಪ್ರೆಸೆಂಟು. ಆ ಹನ್ನೊಂದು ದಿನವನ್ನು ತೆಗೆದರೂ ಪರವಾಗಿಲ್ಲ, ಸರ್ಟಿಫಿಕೇಟನ್ನು ನಂಬಿದರೆ ಅವನು ಪರೀಕ್ಷೆಗೆ ಕೂರಬಹುದಿತ್ತು. ಆದರೆ ಈಗ ಸರ್ಟಿಫಿಕೇಟೇ ಸುಳ್ಳು, ಯಾರಿಂದಲೋ ಬರೆಸಿಕೊಂಡು ತಂದಿದ್ದಾನೆ ಎಂದಾಯಿತು. ಇಂಥ ಹುಡುಗರಿಗೆ ಎಲ್ಲಾ ಸಲೀಸಾಗಿ ಸಿಕ್ಕಿ ಅಭ್ಯಾಸ ಎಂದು ಆಫೀಸಿನಲ್ಲಿ ಯಾರೋ ಅಂದರಂತೆ. ಬೆಳಿಗ್ಗೆ ಎದ್ದರೆ ಹಾಸ್ಟೆಲಿನಿಂದ ಕಾಲೇಜಿಗೆ ಅವನು ಎಷ್ಟು ದೂರ ನಡೆಯುತ್ತಿದ್ದ ಎಂಬುದು ಅಂದವರಿಗೆ ಗೊತ್ತಿರಲಿಲ್ಲ.

ಮರುದಿನ ಪ್ರಿನ್ಸಿಪಾಲರೇ ಕ್ಲಾಸಿಗೆ ಬಂದರು. ಕೆಟ್ಟ ಮನುಷ್ಯರಲ್ಲ. ಒಂದು ಕೈಯಲ್ಲಿ ರಿಜಿಸ್ಟರು, ಇನ್ನೊಂದರಲ್ಲಿ ಸರ್ಟಿಫಿಕೇಟು.

"ಎರಡರಲ್ಲಿ ಒಂದು ಸುಳ್ಳು" ಅಂದರು. "ರಿಜಿಸ್ಟರು ಸುಳ್ಳಾದರೆ ಕೂಗಿದವನು ಎದ್ದು ನಿಲ್ಲಲಿ. ಅವನಿಗೆ ಈ ವರ್ಷ ಪರೀಕ್ಷೆ ಇಲ್ಲ, ಮುಂದಿನ ವರ್ಷ ಬಂದು ಬರೀಲಿ. ಯಾರೂ ಏಳದಿದ್ದರೆ ಸರ್ಟಿಫಿಕೇಟು ಸುಳ್ಳು ಅಂತ ತಿಳಿದು ಇವನ ಹೆಸರು ಹೊಡೆದುಹಾಕ್ತೀನಿ."

ಇಡೀ ಕ್ಲಾಸಿಗೆ ಗೊತ್ತಿತ್ತು. ನನ್ನಿಂದ ದನಿ ಸಾಲ ಪಡೆದವರೇ ಅರ್ಧ ಜನ. ಒಬ್ಬನೂ ನನ್ನ ಕಡೆ ತಿರುಗಲಿಲ್ಲ, ಎಲ್ಲರೂ ಡೆಸ್ಕು ನೋಡುತ್ತಿದ್ದರು. ಪ್ರಿನ್ಸಿಪಾಲರು ಜವರಯ್ಯನನ್ನು ಎಬ್ಬಿಸಿ, ಕೂಗಿದವನು ಯಾರೆಂದು ನೀನೇ ಹೇಳಯ್ಯ ಎಂದು ಕೇಳಿದರು. ಅವನು ಡೆಸ್ಕು ಹಿಡಿದುಕೊಂಡು ನಿಂತ, ಕಾಲಿನಲ್ಲಿ ಇನ್ನೂ ಶಕ್ತಿ ಬಂದಿರಲಿಲ್ಲ.

"ನಾನು ಆಸ್ಪತ್ರೇಲಿದ್ದೆ ಸಾ. ನಂಗೆಂಗ್ ಗೊತ್ತಾಯ್ತದೆ?"

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಪ್ರಿನ್ಸಿಪಾಲರು ಗಡಿಯಾರ ನೋಡಿ, ಗಂಟೆ ಹೊಡೆಯುವವರೆಗೆ ಕಾಯುತ್ತೇನೆ ಎಂದು ಕುರ್ಚಿಯಲ್ಲಿ ಕೂತರು.

ನಾನು ಏನು ಯೋಚಿಸುತ್ತಿದ್ದೆ ಗೊತ್ತೆ? ಚನ್ನರಾಯಪಟ್ಟಣದಲ್ಲಿ ನನಗೆ ಹೆಣ್ಣು ಗೊತ್ತಾಗಿತ್ತು. ಹುಡುಗ ಬಿಕಾಂ ಆಗುತ್ತಾನೆ ಎಂದು ನಮ್ಮಪ್ಪ ಆ ಮನೆಯವರಿಗೆ ಮಾತು ಕೊಟ್ಟಿದ್ದರು, ಬೇಸಿಗೆಯಲ್ಲಿ ಮದುವೆ. ಒಂದು ವರ್ಷ ಹೋದರೆ ಹೆಣ್ಣು ಹೋಗುತ್ತದೆ, ಪೇಟೆಬೀದಿಯಲ್ಲಿ ಅಪ್ಪನ ತಲೆ ತಗ್ಗುತ್ತದೆ ಅಂದುಕೊಂಡೆ. ಎರಡು ಸಲ ಏಳಬೇಕೆಂದು ಪಾದ ಊರಿದೆ. ಮೂರನೆಯ ಸಲ ಊರುವಷ್ಟರಲ್ಲಿ ಗಂಟೆ ಹೊಡೆಯಿತು. ಗಂಟೆ ಹೊಡೆದದ್ದಕ್ಕೆ ಏಳಲಾಗಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದೂ ಸುಳ್ಳೇ. ಕಾಲು ಊರಿದವನು ಎಲ್ಲರ ಜೊತೆ ಎದ್ದು ಹೊರಗೇ ಹೋದೆ.

ಸಂಜೆ ಹಾಸ್ಟೆಲಿನ ಹತ್ತಿರ ಹೋದೆ. ಹೆಸರು ಹೊಡೆದುಹಾಕಿಸಿಕೊಂಡ ಜವರಯ್ಯ ತಗಡಿನ ಪೆಟ್ಟಿಗೆಯ ಮೇಲೆ ಕೂತು ಅರಕಲಗೂಡಿನ ಬಸ್ಸಿನ ಹೊತ್ತಿಗೆ ಕಾಯುತ್ತಿದ್ದ. ನಾನು ಏನೇನೋ ಅಂದೆ. ಅಪ್ಪನಿಗೆ ಹೇಳಿ ಅಂಗಡಿಯಲ್ಲಿ ಕೆಲಸ ಕೊಡಿಸುತ್ತೇನೆ ಎಂದು ಕೂಡ ಅಂದೆ, ಆ ಮಾತು ಈಗ ನೆನೆದರೆ ಮೈ ಮುದುಡುತ್ತದೆ. ಅವನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ನೀನು ಎದ್ದು ನಿಂತ್ಕತ್ತೀಯ ಅಂತ್ಲೇ ನಾನು ಕೂತಿದ್ದೆ ಕಣ್ಲಾ" ಅಂದ. "ಕಡೇ ಗಳಿಗೇವರ್ಗೂ ಅಂಗೇ ಅನ್ಕಂಡಿದ್ದೆ."

ಪೆಟ್ಟಿಗೆ ಎತ್ತಲು ನಾನು ಕೈ ಚಾಚಿದೆ. ಬೇಡ ಎಂದು ತಾನೇ ಎತ್ತಿಕೊಂಡು, ನಡುವೆ ಎರಡು ಕಡೆ ಇಳಿಸಿ ಸುಧಾರಿಸಿಕೊಂಡು, ಬಸ್ ಸ್ಟ್ಯಾಂಡಿನ ಕಡೆ ಹೋದ. ಅದೇ ಕೊನೆ. ನಾನು ಪರೀಕ್ಷೆ ಬರೆದೆ, ಪಾಸಾದೆ, ಮದುವೆಯಾದೆ. ಆ ಪದವಿ ನನ್ನ ಅಂಗಡಿಗೆ ಒಂದು ದಿನವೂ ಬೇಕಾಗಲಿಲ್ಲ. ಅರಕಲಗೂಡು ನಮ್ಮೂರಿಂದ ಎಷ್ಟು ಮಹಾ ದೂರ? ಆದರೂ ನಾನು ಆ ಕಡೆ ಹೋಗಲಿಲ್ಲ. ಆ ಊರಿನ ಗಿರಾಕಿಗಳು ಬಂದರೆ ಒಳಗೆ ಹೋಗಿ ಆಳನ್ನು ಕಳಿಸುತ್ತಿದ್ದೆ. ಬೇರೆಯವರ ದನಿಯಲ್ಲಿ ಮಾತಾಡುವುದನ್ನು ಬಿಟ್ಟದ್ದೂ ಆಗಲೇ. ಯಾಕೆ ಬಿಟ್ಟೆಯೋ ಎಂದು ಸಾಯುವತನಕ ಅಜ್ಜಿ ಕೇಳುತ್ತಿದ್ದಳು.

ಇಷ್ಟನ್ನೂ ಆ ಭಾನುವಾರ ಹೇಳಿ ಮುಗಿಸಿದೆ. ಚೈತ್ರ ಪುಸ್ತಕ ಮುಚ್ಚಿದ್ದಳು. ಗೌರಮ್ಮ ಮೊರವನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದಳು. ಚನ್ನರಾಯಪಟ್ಟಣದ ಆ ಹೆಣ್ಣು ಇವಳೇ ಅಲ್ಲವೆ.

"ನಮ್ಮಪ್ಪ ಕಾಯೋರು" ಅಂದಳು. "ನನಗೆ ಆಗಿನ್ನೂ ಹದಿನೇಳು. ಇನ್ನೊಂದು ವರ್ಷ ಮನೇಲಿರಲಿ ಅಂತ ನಮ್ಮಮ್ಮ ದಿನಾ ಅವರ ಹತ್ರ ಜಗಳ ಆಡ್ತಿದ್ಲು. ನಿಮಗೆ ಯಾರು ಹೇಳಿದ್ರು, ಕಾಯೋದಿಲ್ಲ ಅಂತ?"

ಯಾರೂ ಹೇಳಿರಲಿಲ್ಲ. ನಾನು ಯಾರನ್ನೂ ಕೇಳಿರಲಿಲ್ಲ.

ಮಂಗಳವಾರ ಒಬ್ಬನೇ ಅರಕಲಗೂಡಿಗೆ ಹೋಗಿ, ಅಲ್ಲಿಂದ ಬಸ್ಸು ಬದಲಿಸಿ ಮಲ್ಲಿಪಟ್ಟಣದಲ್ಲಿ ಇಳಿದೆ. ಜವರಯ್ಯನ ಮನೆ ಕೇಳಿದರೆ, ಅರ್ಜಿ ಬರೆಯೋ ಜವರಯ್ಯನ ಮನೆಯಾ ಎಂದು ದಾರಿ ತೋರಿಸಿದರು. ಅವನು ತೀರಿಹೋಗಿ ಆರು ವರ್ಷವಾಗಿತ್ತು. ಬಾಗಿಲು ತೆಗೆದವಳು ಅವನ ಮಗಳು, ಐವತ್ತರ ಹತ್ತಿರದ ಹೆಂಗಸು. ನಿಮ್ಮ ತಂದೆಯ ಜೊತೆ ಓದಿದವನು ಎಂದೆ. ಜಗಲಿಯ ಮೇಲೆ ಚಾಪೆ ಹಾಸಿ ಕೂರಿಸಿದಳು. ಅಪ್ಪ ಕೂಲಿ ಮಾಡಿಯೇ ಮೂರು ಮಕ್ಕಳನ್ನು ಸಾಕಿದ್ದು, ಬಿಡುವಾದಾಗ ಊರಿನವರಿಗೆಲ್ಲ ಅರ್ಜಿ ಬರೆದುಕೊಡುತ್ತಿದ್ದದ್ದು, ಯಾರಿಂದಲೂ ಏನೂ ತೆಗೆದುಕೊಳ್ಳದಿದ್ದದ್ದು, ಎಲ್ಲಾ ಹೇಳಿದಳು. ಆಮೇಲೆ ಕೇಳಿದಳು, ಇಸ್ಕೂಲಲ್ಲಿ ಎಷ್ಟನೇ ಕಳಾಸಲ್ಲಿ ಜೊತೇಲಿದ್ರಿ ಸಾ?

ಸ್ಕೂಲಲ್ಲ ತಾಯಿ, ಕಾಲೇಜಿನಲ್ಲಿ, ಹಾಸನದಲ್ಲಿ, ಅಂದೆ.

ಅವಳು ನನ್ನ ಮುಖ ನೋಡಿದಳು. "ನಮ್ಮಪ್ಪ ಕಾಲೇಜಿಗೆ ಓಗಿದ್ರಾ?"

ಅವನು ಹೆಂಡತಿಗೆ, ಮಕ್ಕಳಿಗೆ, ಯಾರಿಗೂ ಹೇಳಿರಲಿಲ್ಲ.

ಹೋಗಿದ್ರು ಕಣವ್ವ, ಹತ್ತಿರ ಹತ್ತಿರ ಮೂರು ವರ್ಷ, ನಮ್ಮೆಲ್ಲರಿಗಿಂತ ಬುದ್ಧಿವಂತ, ಅಂದೆ. ಮತ್ತೆ ಯಾಕೆ ಬಿಟ್ಟುಬಂದ್ರು ಎಂದು ಕೇಳಿದಳು. ನಾನು ಮೊದಲಿನಿಂದ ಹೇಳಿದೆ. ಗಂಟೆ ಹೊಡೆದದ್ದನ್ನೂ, ನಾನು ಎದ್ದು ಹೊರಗೆ ಹೋದದ್ದನ್ನೂ ಬಿಡದೆ ಹೇಳಿದೆ. ಅವಳು ಎಲ್ಲಾ ಕೇಳಿ, ಎದ್ದು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ. ಅರ್ಧ ಗಂಟೆ ಕೂತಿದ್ದು, ಚಾಪೆ ಸುತ್ತಿ ಗೋಡೆಗೆ ಒರಗಿಸಿ, ನಾನು ಬಸ್ಸಿನ ಕಡೆ ನಡೆದೆ.