ಏಣಿಯ ಚಿಲಕ ಮತ್ತು ಹತ್ತೊಂಬತ್ತನೆಯ ಪ್ಯಾರಾ

ಕೊಂಡು ತಂದ ವಸ್ತುವೇ ಕೊಂಡವರ ಕೈಕಾಲು ಮುರಿದಾಗ, ಮೈ ಸುಟ್ಟಾಗ, ಬಳಸಲು ಬಾರದವರ ತಪ್ಪೆಂದು ತಯಾರಕರು ಕೈತೊಳೆದುಕೊಳ್ಳುವುದೂ, ತಮ್ಮ ಗ್ರಹಚಾರವೆಂದು ಗಾಯಗೊಂಡವರು ಸುಮ್ಮನಾಗುವುದೂ ವಾಡಿಕೆಯಾಗಿದ್ದ ಕಾಲದಲ್ಲಿ, ಅಂಥವರ ಪರವಾಗಿ ನಿಂತು ನಾಲ್ಕು ದಶಕಗಳ ಕಾಲ ಪರಿಹಾರಕ್ಕಾಗಿ ವಾದಿಸಿದ ನಮ್ಮ ಸೀನಿಯರ್ ಅವರು ಈ ವರ್ಷ ತಮ್ಮ ಕರಿಕೋಟನ್ನು ಗೂಟಕ್ಕೆ ತೂಗುಹಾಕಿದ್ದಾರೆ. ಸಿಡಿದ ಕುಕ್ಕರ್, ಹೊತ್ತಿ ಉರಿದ ಇಸ್ತ್ರಿಪೆಟ್ಟಿಗೆ, ಕಾಲು ಕಳಚಿಕೊಂಡ ಮಗುವಿನ ಮಂಚ, ಹಿಡಿ ಮುರಿದ ಊರುಗೋಲು ಎಲ್ಲವೂ ಅವರ ಕಚೇರಿಯ ಹಿಂದಿನ ಕೋಣೆಯಲ್ಲಿ ಚೀಟಿ ಕಟ್ಟಿಸಿಕೊಂಡು ಸಾಲಾಗಿ ಕುಳಿತಿರುತ್ತಿದ್ದವು. ಹೊಸಬರು ಬಾಗಿಲಲ್ಲೇ ನಿಂತು, ವಕೀಲರ ಕಚೇರಿಯೋ ಗುಜರಿ ಅಂಗಡಿಯೋ ಎಂದು ಒಮ್ಮೆ ಹೊರಗಿನ ಬೋರ್ಡು ನೋಡಿಕೊಂಡು ಬರುತ್ತಿದ್ದರು.

ನ್ಯಾಯಾಲಯದ ಆವರಣದಲ್ಲಿ ಅವರ ಅಡ್ಡಹೆಸರು ‘ಮುಟ್ಬೇಡಿ ವಕೀಲರು’. ಕಕ್ಷಿದಾರರು ಮುರಿದದ್ದನ್ನೋ ಸುಟ್ಟದ್ದನ್ನೋ ಹೊತ್ತು ತಂದರೆ ಅವರ ಬಾಯಿಂದ ಬರುತ್ತಿದ್ದ ಮೊದಲ ಮಾತು ಅದೇ. “ಮುಟ್ಬೇಡಿ. ತೊಳೀಬೇಡಿ, ಒರೆಸಬೇಡಿ, ರಿಪೇರಿಗೆ ಕೊಡಬೇಡಿ. ಅಂಗಡಿಯವನು ಹೊಸದು ಕೊಡ್ತೀನಿ ಅಂದ್ರೂ ಹಳೇದನ್ನ ಬಿಡಬೇಡಿ. ಅದು ಹೇಗಿದೆಯೋ ಹಾಗೇ ಇದ್ರೆ ನಿಮ್ಮ ಪರವಾಗಿ ಅದೇ ಮಾತಾಡುತ್ತೆ.” ಇಷ್ಟು ಹೇಳಿದ ಮೇಲೆಯೇ ಕುರ್ಚಿ ತೋರಿಸುವುದು, ನೀರು ಕೊಡುವುದು, ಗಾಯ ಮಾಗಿತೇ ಎಂದು ವಿಚಾರಿಸುವುದು. ಕ್ಯಾಂಟೀನಿನವನಂತೂ, ಟೀ ಲೋಟವನ್ನಾದರೂ ಇವರು ಮುಟ್ಟುತ್ತಾರಲ್ಲ ಅದೇ ನಮ್ಮ ಪುಣ್ಯ ಎಂದು ನಗುತ್ತಿದ್ದ.

ಅವರ ಬಾಲ್ಯ, ವಿದ್ಯಾಭ್ಯಾಸ, ಗೆದ್ದ ಮೊಕದ್ದಮೆಗಳು, ಬರೆದ ಪುಸ್ತಕಗಳ ಬಗ್ಗೆ ಈ ಅಭಿನಂದನ ಸಂಪುಟದಲ್ಲಿ ನನಗಿಂತ ಬಲ್ಲವರು ಬರೆದಿದ್ದಾರೆ. ಆದರೆ ಎಷ್ಟೇ ಅಭಿಮಾನದಿಂದ ಬರೆದವರೂ ಎಲ್ಲೋ ಒಂದು ಕಡೆ, ಇಂಥ ಜಾಗರೂಕರೂ ಏಣಿ ಕೇಸಿನಲ್ಲಿ ಒಮ್ಮೆ ಎಡವಿದ್ದುಂಟು ಎಂಬ ಸಾಲೊಂದನ್ನು ಸೇರಿಸದೆ ಇರಲಾರರು. ಕಳೆದ ತಿಂಗಳ ಬೀಳ್ಕೊಡುಗೆ ಸಭೆಯಲ್ಲೂ ಯುವ ವಕೀಲೆಯೊಬ್ಬರು ಅದನ್ನೇ ಹೇಳಿದರು, ವೇದಿಕೆಯ ಮೇಲಿದ್ದ ಇವರು ಹೌದೆಂಬಂತೆ ತಲೆಯಾಡಿಸಿದರು. ಮೂರನೆಯ ಸಾಲಿನಲ್ಲಿ ಕುಳಿತಿದ್ದ ನನಗೆ ನೆಲ ಬಿರಿದು ನುಂಗಬಾರದೇ ಎನ್ನಿಸಿತು. ಎಡವಿದವನು ನಾನು. ಅದನ್ನು ಅಚ್ಚಿನಲ್ಲಿ ಹೇಳುವುದಕ್ಕಾಗಿಯೇ ಈ ಲೇಖನ.

ಇಪ್ಪತ್ತೆರಡು ವರ್ಷಗಳ ಹಿಂದೆ, ಸನ್ನದು ಸಿಕ್ಕಿ ಐದೇ ತಿಂಗಳಾಗಿದ್ದಾಗ ನಾನು ಅವರ ಕಚೇರಿ ಸೇರಿದೆ. ನನ್ನ ತಂದೆಯದು ಸೈಕಲ್ ರಿಪೇರಿ ಅಂಗಡಿ. ಕಿರುಗುಟ್ಟುವುದು, ಬಿಗಿಯಾಗಿರುವುದು ಏನು ಕಂಡರೂ ಕೈ ತಾನಾಗಿಯೇ ಎಣ್ಣೆ ಡಬ್ಬಿಗೆ ಹೋಗುವುದು ನಮ್ಮ ಮನೆತನದ ಗುಣ. ಸೇರಿದ ವಾರವೇ ಕಚೇರಿಯ ಕುರ್ಚಿಗಳು, ಬೀರು, ಕಿಟಕಿಯ ಕೀಲು ಎಲ್ಲಕ್ಕೂ ಎಣ್ಣೆ ಬಿಟ್ಟು ಶಭಾಷ್ ಅನ್ನಿಸಿಕೊಂಡಿದ್ದೆ. ನನ್ನ ಮೊದಲ ವಾದದಲ್ಲಿ ನಾಲಿಗೆ ಒಣಗಿ ಮಾತೇ ನಿಂತುಹೋದಾಗ, ಹಿಂದಿನಿಂದ ಮೆಲ್ಲಗೆ ಕಡತದ ಪುಟ ತಿರುಗಿಸಿ ಬೆರಳಿಟ್ಟು ತೋರಿಸಿ, ಹೊರಗೆ ಬಂದ ಮೇಲೆ ಅದರ ಪ್ರಸ್ತಾಪವನ್ನೇ ಎತ್ತದ ದೊಡ್ಡ ಮನಸ್ಸು ಅವರದು.

ಆಗ ಬಂದದ್ದೇ ಪೇಂಟರನ ಮೊಕದ್ದಮೆ. ನಡುವೆ ಮಡಚುವ ಅಲ್ಯುಮಿನಿಯಂ ಏಣಿ ಕೊಂಡು ಎಂಟು ದಿನವಾಗಿತ್ತು. ಬಿಡಿಸಿದಾಗ ಅದರ ಕೀಲಿನ ಚಿಲಕ ತನ್ನ ಕುಳಿಯೊಳಗೆ ಬಿದ್ದು ಕೂರಬೇಕು. ಕೂತಂತೆ ಕಾಣುತ್ತಿತ್ತು, ಪೂರ್ತಿ ಕೂತಿರಲಿಲ್ಲ. ಛಾವಣಿಗೆ ಬಣ್ಣ ಬಳಿಯುತ್ತಿದ್ದಾಗ ಏಣಿ ಮಡಚಿಕೊಂಡು ಆತ ಬೆನ್ನಡಿಯಾಗಿ ಬಿದ್ದ. ಸೊಂಟದ ಕೆಳಗೆ ಸ್ವಾಧೀನವಿಲ್ಲ. ಏಣಿಯನ್ನು ಸರಿಯಾಗಿ ಬಿಡಿಸದೆ ಹತ್ತಿದ್ದಾನೆಂದು ಕಂಪನಿಯ ವಾದ. ಅದು ಸುಳ್ಳೆಂದು ತೋರಿಸಲು ಆತನಿಗಿದ್ದದ್ದು ಅದೇ ಏಣಿ, ಅದೇ ಚಿಲಕ. ನ್ಯಾಯಾಲಯ ನೇಮಿಸಿದ್ದ ಎಂಜಿನಿಯರು ಮಂಗಳವಾರ ಬಂದು ಪರೀಕ್ಷಿಸುವವರಿದ್ದರು.

ಸೋಮವಾರ ಮಧ್ಯಾಹ್ನ, ಏಣಿಯ ಫೋಟೋ ತೆಗೆಯುವಂತೆ ನನಗೆ ಹೇಳಿ ಸೀನಿಯರ್ ಕೋರ್ಟಿಗೆ ಹೋದರು. ಬಿಡಿಸಿದರೆ ಚಿಲಕ ಅರ್ಧಕ್ಕೇ ನಿಲ್ಲುತ್ತಿತ್ತು. ಫೋಟೋ ಚೆನ್ನಾಗಿ ಬರಲಿ ಎಂಬ ಒಂದೇ ಯೋಚನೆ ನನಗೆ. ನಾಲ್ಕು ಹನಿ ಎಣ್ಣೆ ಬಿಟ್ಟು, ಹತ್ತು ಸಲ ಮಡಚಿ ಬಿಡಿಸಿ, ಬಟ್ಟೆಯಿಂದ ಒರೆಸಿದೆ. ಅವರು ಬಂದೊಡನೆ ಓಡಿಹೋಗಿ ಕರೆತಂದು, “ಸಾರ್, ನೋಡಿ, ಸರಿಹೋಯ್ತು” ಎಂದು ಏಣಿ ಬಿಡಿಸಿ ತೋರಿಸಿದೆ. ಚಿಲಕ ಟಕ್ಕೆಂದು ಕೂತಿತು. ಅವರು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಳಿತುಬಿಟ್ಟರು.

ನಾನು ಮಾಡಿದ್ದೇನೆಂದು ಅವರ ಮುಖ ನೋಡಿ ನನಗೆ ಅರ್ಥವಾಯಿತು. ಯಾರಿಗೂ ಗೊತ್ತಿಲ್ಲ, ಸೀಮೆಎಣ್ಣೆ ಹಾಕಿ ಜಿಡ್ಡು ತೆಗೆದುಬಿಡುತ್ತೇನೆ ಎಂದು ತೊದಲಿದೆ. ಬರೆಯಲು ಈಗಲೂ ನಾಚಿಕೆಯಾಗುತ್ತದೆ, ಆದರೆ ಹಾಗೆ ಹೇಳಿದ್ದು ನಿಜ. “ಬೇಡ ಕಣಯ್ಯ. ಇದುವರೆಗೂ ಆಗಿರೋದು ತಪ್ಪು. ಅದನ್ನ ತೆಗೆಯೋಕೆ ಹೋದ್ರೆ ಮೋಸ. ನಡಿ, ಮೊದಲು ಪೇಂಟರ್ ಮನೆಗೆ ಹೋಗೋಣ” ಎಂದು ಎದ್ದರು.

ಒಂದೇ ಕೋಣೆಯ ಮನೆ. ಕಿಟಕಿಯ ಪಕ್ಕದ ಮಂಚದಲ್ಲಿ ಪೇಂಟರ್ ಮಲಗಿದ್ದ. ಅವನ ಹೆಂಡತಿ ಹೊಲಿಗೆ ಯಂತ್ರ ನಿಲ್ಲಿಸಿ ಕುರ್ಚಿ ಎಳೆದಳು. ಸೀನಿಯರ್ ಕೂರಲಿಲ್ಲ. ನಮ್ಮ ಕಚೇರಿಯಿಂದ ತಪ್ಪಾಗಿದೆ, ಚಿಲಕಕ್ಕೆ ಎಣ್ಣೆ ಬಿದ್ದಿದೆ, ಬೇರೆ ವಕೀಲರನ್ನು ಇಟ್ಟುಕೊಳ್ಳುವುದಾದರೆ ಇವತ್ತೇ ಎಲ್ಲ ಕಾಗದ ಕೊಡುತ್ತೇನೆ ಎಂದು ನಿಂತೇ ಹೇಳಿದರು. ಆಕೆ ನಮ್ಮಿಬ್ಬರನ್ನೂ ತರಾಟೆಗೆ ತೆಗೆದುಕೊಂಡಳು. “ಎಲ್ರಿಗೂ ಮುಟ್ಬೇಡಿ ಮುಟ್ಬೇಡಿ ಅಂತ ಹೇಳ್ತಿದ್ರಲ್ಲಾ ಸ್ವಾಮಿ! ನಾವು ಮೂಟೆ ಕಟ್ಟಿ, ಮಕ್ಕಳ ಕೈಗೂ ಸಿಗದ ಹಾಗೆ ಇಟ್ಟು ನಿಮಗೆ ತಂದುಕೊಟ್ವಿ. ಇನ್ನು ಇವರ ಮಾತು ಯಾರು ನಂಬ್ತಾರೆ?” ನನ್ನ ತಂದೆ ಬೈದಾಗಲೂ ನಾನು ಅಷ್ಟು ಕುಗ್ಗಿರಲಿಲ್ಲ.

ಅಷ್ಟು ಹೊತ್ತೂ ಸೂರು ನೋಡುತ್ತಿದ್ದ ಪೇಂಟರ್ ಮೆಲ್ಲಗೆ ಕೇಳಿದ: “ಎಣ್ಣೆ ಬಿಟ್ಟ ಮೇಲೆ ಚಿಲಕ ಸರಿಯಾಗಿ ಕೂತ್ಕೊಳ್ತಾ?”

“ಕೂತ್ಕೊಳ್ತು,” ಎಂದೆ ನಾನು.

“ಹಾಗಾದ್ರೆ ನಾನು ತಂದಾಗ ಅದಕ್ಕೆ ಎಣ್ಣೆ ಇರ್ಲಿಲ್ಲ ಅಂತಾಯ್ತಲ್ಲ ಅಣ್ಣಾ. ಪೆಟ್ಟಿಗೆ ಒಡೆದು ಎಂಟೇ ದಿನ ಆಗಿತ್ತು. ಎಣ್ಣೆ ಬಿಟ್ಕೊಂಡು ಹತ್ತು ಅಂತ ಜೊತೆಗೆ ಕೊಟ್ಟ ಚೀಟೀಲೂ ಬರೆದಿರ್ಲಿಲ್ಲ. ನಿಮ್ಮ ಕೈಗೆ ತೋಚಿದ್ದು ಏಣಿ ಮಾಡಿದವರಿಗೆ ತೋಚಬೇಡ್ವಾ?”

ಸೀನಿಯರ್ ಆಗ ಕುರ್ಚಿಯಲ್ಲಿ ಕುಳಿತರು. ಪೆನ್ನು ತೆಗೆದು, ಇನ್ನೊಂದು ಸಲ ಹೇಳಪ್ಪ ಎಂದರು.

ಮರಳಿ ಬಂದು ನ್ಯಾಯಾಲಯಕ್ಕೆ ಸಲ್ಲಿಸುವ ಜ್ಞಾಪನವನ್ನು ಅವರು ಹೇಳಿದರು, ನಾನು ಬೆರಳಚ್ಚು ಮಾಡಿದೆ. ‘ನನ್ನ ವಶದಲ್ಲಿದ್ದ ಏಣಿಯ ಚಿಲಕಕ್ಕೆ ಎಣ್ಣೆ ಹಾಕಲಾಗಿದ್ದು, ಈ ಲೋಪಕ್ಕೆ ನಾನೇ ಹೊಣೆಗಾರನಾಗಿದ್ದೇನೆ’ ಎಂಬಲ್ಲಿಗೆ ವಾಕ್ಯ ಮುಗಿಯಿತು. ನನ್ನ ಹೆಸರು ಬರುತ್ತದೆಂದು ಬೆರಳು ಕಾದೇ ಇತ್ತು. “ಸಾರ್, ನನ್ನ ಹೆಸರು?” ಎಂದೆ. “ಹೊರಗಡೆ ಬೋರ್ಡಿನ ಮೇಲೆ ಯಾರ ಹೆಸರಿದೆ?” ಎಂದು ಕೇಳಿ ಮುಂದಿನ ವಾಕ್ಯಕ್ಕೆ ಹೋದರು.

ಸಾಕ್ಷ್ಯ ಕೆಡಿಸಿದ್ದಾರೆ, ಪ್ರಕರಣ ವಜಾ ಮಾಡಿ ಎಂದು ಕಂಪನಿಯ ವಕೀಲರು ಮೇಜು ಗುದ್ದಿದರು. ಸೀನಿಯರ್ ಕೇಳಿದ್ದು ಇಷ್ಟೇ: ಅದೇ ಮಾದರಿಯ ಹೊಸ ಏಣಿಗಳನ್ನು ಎರಡೂ ಕಡೆಯವರ ಎದುರಿಗೆ ಕೊಂಡು, ಪೆಟ್ಟಿಗೆ ಒಡೆದು ನೋಡಿಬಿಡೋಣ. ನಾಲ್ಕು ಏಣಿ ಬಂದವು. ಎಂಜಿನಿಯರು ಒಂದೊಂದಾಗಿ ಬಿಡಿಸಿದರು. ಮೂರರ ಚಿಲಕ ಅರ್ಧಕ್ಕೇ ನಿಂತಿತು. ಎಣ್ಣೆ ಬಿಟ್ಟ ಮೇಲೆ ಮೂರೂ ಕೂತವು. ಪೇಂಟರನಿಗೆ ಪರಿಹಾರ ಸಿಕ್ಕಿತು. ಇಂದು ಆತ ಗಾಲಿಕುರ್ಚಿಯಲ್ಲಿ ಕುಳಿತು ಸ್ವಂತ ಬಣ್ಣದ ಅಂಗಡಿ ನಡೆಸುತ್ತಿದ್ದಾನೆ.

ಆದರೆ ತೀರ್ಪಿನ ಹತ್ತೊಂಬತ್ತನೆಯ ಪ್ಯಾರಾದಲ್ಲಿ ನ್ಯಾಯಾಧೀಶರು ‘ಅರ್ಜಿದಾರರ ವಕೀಲರ ಅಕ್ಷಮ್ಯ ಅಜಾಗರೂಕತೆ’ಯನ್ನು ಅವರ ಹೆಸರು ಹಿಡಿದು ಖಂಡಿಸಿದ್ದರು. ಆ ವರ್ಷ ಗ್ರಾಹಕ ನ್ಯಾಯಾಲಯದ ಅಧ್ಯಕ್ಷ ಸ್ಥಾನಕ್ಕೆ ಪರಿಗಣಿಸಿದ್ದ ಮೂವರಲ್ಲಿ ಅವರೂ ಒಬ್ಬರು. ಯಾರೋ ಆ ಪ್ಯಾರಾದ ಪ್ರತಿಯನ್ನು ಪಟ್ಟಿಗೆ ಲಗತ್ತಿಸಿದರು, ಅವರ ಹೆಸರು ಬಿಟ್ಟುಹೋಯಿತು. ಈಗ ಕಾನೂನು ವಿದ್ಯಾರ್ಥಿಗಳಿಗೆ ಸಾಕ್ಷ್ಯವನ್ನು ಹೇಗೆ ಕಾಪಾಡಬಾರದು ಎಂಬುದಕ್ಕೆ ಅದನ್ನೇ ಪಾಠ ಮಾಡುತ್ತಾರೆ. ನಿಜ ಹೇಳಿಬಿಡುತ್ತೇನೆಂದು ನಾನು ಎರಡು ಸಲ ಹೊರಟಾಗಲೂ ಅವರು ತಡೆದರು. ಮೂರನೆಯ ಸಲ ನಾನು ಹೊರಡಲಿಲ್ಲ. ಅಷ್ಟರಲ್ಲಿ ನನಗೂ ಹೆಸರು ಬಂದಿತ್ತು, ಹೆದರಿಕೆಯೂ ಬಂದಿತ್ತು.

ಹದಿನೈದು ದಿನಗಳ ಹಿಂದೆ ಈ ಲೇಖನದ ಇಲ್ಲಿಯವರೆಗಿನ ಹಸ್ತಪ್ರತಿಯನ್ನು ಅವರ ಮನೆಗೆ ಒಯ್ದೆ. ಓದಿ, ಕನ್ನಡಕ ತೆಗೆದಿಟ್ಟು, “ಇದನ್ನ ಹಾಕಬೇಡ. ನಿನ್ನ ನಂಬಿ ಬರೋ ಜನ ಇದ್ದಾರೆ” ಎಂದರು. ಅಷ್ಟರಲ್ಲಿ, ನಾನು ಅಕ್ಕ ಎಂದೇ ಕರೆಯುವ ಅವರ ಶ್ರೀಮತಿಯವರು ಹಾಳೆಗಳನ್ನು ಕೈಗೆತ್ತಿಕೊಂಡರು. ಮನೆಯಲ್ಲಿ ಬಾಗಿಲು ಕಿರುಗುಟ್ಟಿದಾಗಲೆಲ್ಲ, “ನಿಮ್ಮ ಕೈಗೆ ಎಣ್ಣೆ ಡಬ್ಬಿ ಕೊಡಲ್ಲಪ್ಪ, ಅಧ್ಯಕ್ಷರಾಗೋದು ತಪ್ಪಿಸಿಕೊಂಡ ಕೈ ಅದು” ಎಂದು ಗಂಡನನ್ನು ಛೇಡಿಸುತ್ತ ಬಂದವರು ಅವರು. ಕೊನೆಯ ಹಾಳೆಯವರೆಗೂ ಓದಿ ಮುಗಿಸಿದರು.

“ಇಪ್ಪತ್ತೆರಡು ವರ್ಷ ರೇಗಿಸಿದ್ದೀನಲ್ರೀ,” ಎಂದರು ಅಕ್ಕ. “ನನಗಾದ್ರೂ ಒಂದು ಮಾತು ಹೇಳಬಾರದಿತ್ತಾ?”

“ಹೇಳಿದ್ರೆ ಇವನಿಗೂ ಸೇರಿಸಿ ಎರಡು ಊಟದ ಡಬ್ಬಿ ಕಳಿಸ್ತಿದ್ಯಾ ನೀನು?”

ಆರು ವರ್ಷ ಪ್ರತಿದಿನ ಅವರ ಡಬ್ಬಿಯ ಜೊತೆ ನನಗೂ ಒಂದು ಡಬ್ಬಿ ಬರುತ್ತಿತ್ತು. ನಾನು ತಲೆ ಎತ್ತಲಿಲ್ಲ. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, “ಒಂದಕ್ಷರಾನೂ ತೆಗೀಬೇಡ. ಹೀಗೇ ಅಚ್ಚಾಗಲಿ” ಎಂದರು. ಊಟ ಮಾಡಿಕೊಂಡೇ ಹೋಗು ಎಂದು ಬಡಿಸಿದರು, ಆದರೆ ಬಡಿಸುವಾಗ ನನ್ನ ಮುಖ ನೋಡಲಿಲ್ಲ. ಅದು ನನಗೆ ಸಲ್ಲಬೇಕಾದದ್ದೇ.

ಸೀನಿಯರ್ ನಿವೃತ್ತರಾದರೂ ಮುರಿದ ವಸ್ತು ಹೊತ್ತವರು ಈಗಲೂ ಅವರ ಮನೆಯ ಮೆಟ್ಟಿಲು ಹತ್ತುತ್ತಿದ್ದಾರೆ, ಅವರೂ ಯಾರನ್ನೂ ವಾಪಸ್ ಕಳಿಸುತ್ತಿಲ್ಲ. ಆ ಕೆಲಸ ಬಹುಕಾಲ ನಡೆಯಲಿ, ಅವರಿಗೂ ಅಕ್ಕನವರಿಗೂ ಆಯುರಾರೋಗ್ಯ ಒದಗಲಿ, ಮಾಡದ ತಪ್ಪಿಗೆ ತಲೆಯಾಡಿಸುವ ಪ್ರಸಂಗ ಅವರಿಗೆ ಇನ್ನೆಂದೂ ಬಾರದಿರಲಿ ಎಂದು ಹಾರೈಸುತ್ತೇನೆ. ಓದುಗರಲ್ಲಿ ನನ್ನದೊಂದೇ ಬೇಡಿಕೆ. ಏಣಿ ಕೇಸಿನ ತೀರ್ಪು ಎಂದಾದರೂ ನಿಮ್ಮ ಕೈಗೆ ಬಂದರೆ, ಹತ್ತೊಂಬತ್ತನೆಯ ಪ್ಯಾರಾದಲ್ಲಿ ಅವರ ಹೆಸರಿರುವ ಕಡೆಯಲ್ಲೆಲ್ಲ ದಯವಿಟ್ಟು ಈ ಲೇಖನದ ಕೆಳಗಿರುವ ಹೆಸರನ್ನು ಓದಿಕೊಳ್ಳಿ.