ಮಾಸ್ತರರ ಕಳ್ಳ ಸಾಲು

ಕಳೆದ ವರ್ಷ ಯುಗಾದಿ ಮುಗಿದ ಮುಂದಿನ ಭಾನುವಾರ. ಲಿಂಗಸುಗೂರಿನ ಒಂದು ಶಾಲೆಯಲ್ಲಿ ಗಣಿತ ಕಲಿಸುವವರ ಕೂಟವಿತ್ತು. ಅಲ್ಲಿ ಐವತ್ತು ಅರವತ್ತು ಜನರ ಎದುರಿಗೆ ನನಗಾದ ಆಘಾತವನ್ನು ನಾನು ಈಗಲೂ ಮರೆತಿಲ್ಲ.

ನಾನು ಸಿಂಧನೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ. ಬಿಡುವಿನಲ್ಲಿ, ಬೇರೆ ಬೇರೆ ದೇಶಗಳ ಹತ್ತಾರು ಮಂದಿ ಸೇರಿ ಕಟ್ಟುತ್ತಿರುವ ಒಂದು ಪ್ರೋಗ್ರಾಂಗೆ ಕೈಜೋಡಿಸುತ್ತೇನೆ. ಸಂಬಳವಿಲ್ಲ, ಹುಚ್ಚು ಅಷ್ಟೇ. ಅದರ ಕೆಲಸ ಇಷ್ಟು: ಗಣಿತದ ಒಂದು ಪ್ರಮೇಯದ ಸಾಧನೆಯನ್ನು ಸಾಲು ಸಾಲಾಗಿ ಬರೆದು ಕೊಟ್ಟರೆ, ಪ್ರತಿ ಸಾಲೂ ಹಿಂದಿನದರಿಂದ ನಿಜವಾಗಿ ಬರುತ್ತದೆಯೇ ಎಂದು ತಪಾಸಣೆ ಮಾಡುವುದು. ಬಂದರೆ ಹಸಿರು, ಬಾರದಿದ್ದರೆ ಕೆಂಪು. ಉತ್ತರಪತ್ರಿಕೆ ತಿದ್ದುವವರಿಗೆ ಬರುವ ದಯೆಯೂ ಅದಕ್ಕಿಲ್ಲ, ದಣಿವೂ ಇಲ್ಲ.

ಈ ಪ್ರೋಗ್ರಾಮಿನ ರುಚಿಯನ್ನು ಅಮರಪ್ಪ ಮಾಸ್ತರರಿಗೆ ಹಚ್ಚಿದವಳೂ ನಾನೇ. ಬಳಗಾನೂರಿನ ಹೈಸ್ಕೂಲಿನಲ್ಲಿ ನನಗೆ ಗಣಿತ ಕಲಿಸಿದವರು ಅವರು. ನಿವೃತ್ತಿಯಾದ ಮೇಲೆ ಮಸ್ಕಿಯಲ್ಲಿದ್ದಾರೆ. ಅವರ ಪಾಠಕ್ಕೊಂದು ಪದ್ಧತಿ ಇತ್ತು. ದಿನಾಲೂ ಬೋರ್ಡಿನ ಮೇಲೆ ಲೆಕ್ಕ ಬಿಡಿಸುವಾಗ ಬೇಕಂತಲೇ ಒಂದು ಸಾಲು ತಪ್ಪು ಬರೆಯುತ್ತಿದ್ದರು. ಅದಕ್ಕೆ ‘ಕಳ್ಳ ಸಾಲು’ ಅಂತ ಹೆಸರು. ಮೊದಲು ಹಿಡಿದವರಿಗೆ ಮಧ್ಯಾಹ್ನದ ಗಂಟೆ ಬಾರಿಸುವ ಭಾಗ್ಯ. ನಾನು ಆ ಗಂಟೆಯನ್ನು ಎಷ್ಟು ಸಲ ಬಾರಿಸಿದ್ದೆನೆಂದರೆ, ಉಳಿದ ಹುಡುಗಿಯರು ನನ್ನನ್ನು ‘ಗಂಟೆಯ ಜವಾನ’ ಎಂದೇ ಕಾಡಿಸುತ್ತಿದ್ದರು.

ಮಾಸ್ತರರು ತಮ್ಮ ಮನೆಯ ಅಂಗಳಕ್ಕೆ ಶಹಾಬಾದ್ ಕಲ್ಲು ಹಾಸುವಾಗ ಒಂದು ಪ್ರಶ್ನೆ ಹಿಡಿದುಕೊಂಡಿದ್ದರು. ಮೂಲೆ ಮುರಿದ, ಅಂದರೆ ಮೂಲೆಯಲ್ಲೊಂದು ತುಂಡು ಕಡಿಮೆಯಿರುವ ಅಂಗಳ ಎಷ್ಟೇ ದೊಡ್ಡದಿರಲಿ, ಒಂದೇ ಆಕಾರದ ಕಲ್ಲುಗಳಿಂದ ಸಂದಿಯಿಲ್ಲದಂತೆ ತುಂಬಿಸಬಹುದೇ? ತುಂಬಿಸಬಹುದೆಂದು ಅವರ ವಾದ. ಅದರ ಸಾಧನೆಯನ್ನು ಎರಡು ವರ್ಷದಿಂದ ನಮ್ಮ ಪ್ರೋಗ್ರಾಮಿನಲ್ಲಿ ಬರೆಯುತ್ತಿದ್ದರು. ಎಲ್ಲ ಹಸಿರಾಗಿತ್ತು, ಒಂದು ಸಾಲು ಬಿಟ್ಟು. ಆ ಒಂದು ಸಾಲು ಎಂಟು ತಿಂಗಳಿಂದ ಕೆಂಪಗೇ ಇತ್ತು. “ನಿಮ್ ಮಷೀನಿಗೆ ತಿಳುವಳಿಕಿ ಕಮ್ಮಿ ಐತವ್ವ ಗಿರಿಜಾ” ಎಂದು ಫೋನಿನಲ್ಲಿ ಬೈಯುತ್ತಿದ್ದರು.

ಅದೇ ಹೊತ್ತಿಗೆ ನಾನು ಪ್ರೋಗ್ರಾಮಿನ ಒಳಗಿನ ಕೋಡನ್ನು ಒಪ್ಪ ಮಾಡುವ ಕೆಲಸ ಹಿಡಿದೆ. ರಿಫ್ಯಾಕ್ಟರಿಂಗ್ ಅನ್ನುತ್ತಾರೆ. ಹತ್ತಾರು ಕೈಗಳು ವರ್ಷಾನುಗಟ್ಟಲೆ ಬರೆದ ಕೋಡು ಗೋಜಲಾಗಿರುತ್ತದೆ. ಅದನ್ನು ಬಿಡಿಸಿ, ಹೆಸರು ತಿದ್ದಿ, ಓರಣವಾಗಿ ಜೋಡಿಸಬೇಕು. ಷರತ್ತು ಒಂದೇ: ಪ್ರೋಗ್ರಾಂ ಮೊದಲು ಏನು ಮಾಡುತ್ತಿತ್ತೋ ಆಮೇಲೂ ಅದನ್ನೇ ಮಾಡಬೇಕು. ಕೂದಲೆಳೆಯಷ್ಟೂ ಬೇರೆಯಾಗಬಾರದು.

ನನಗೊಂದು ಚಟ. ಒಂದೇ ಥರದ ಸಾಮಾನು ಎರಡು ಕಂಡರೆ ಸಹಿಸುವುದಿಲ್ಲ. ಅಡುಗೆಮನೆಯಲ್ಲಿ ಎರಡು ಸವಟು ಇದ್ದವೆಂದು ಒಂದನ್ನು ಹಳೆ ಸಾಮಾನಿನವನಿಗೆ ಕೊಟ್ಟು, ನಮ್ಮತ್ತೆಯಿಂದ ಬೈಸಿಕೊಂಡವಳು ನಾನು. “ಅದು ದೇವರ ಎಡಿ ಅಡಿಗಿಗೆ ಇಟ್ಟಿದ್ದು. ನೋಡಾಕ ಒಂದ ಥರ ಇದ್ದರ ಎರಡೂ ಒಂದ ಆಗ್ತಾವೇನ ಗಿರಿಜಾ?” ಅಂದಿದ್ದರು. ಆ ಮಾತು ಒಂದು ಕಿವಿಯಲ್ಲಿ ಬಂದು ಇನ್ನೊಂದರಲ್ಲಿ ಹೋಗಿತ್ತು. ಕೋಡಿನಲ್ಲೂ ಹಾಗೇ, ಒಂದೇ ಬಗೆಯ ತಪಾಸಣೆ ಎರಡು ಕಡೆ ಬರೆದಿದ್ದು ಕಂಡಿತು. ಯಾರೋ ಮರೆತು ಎರಡು ಸಲ ಬರೆದಿದ್ದಾರೆಂದು ನಕ್ಕು, ಒಂದನ್ನು ಅಳಿಸಿದೆ. ಹದಿನಾಲ್ಕು ಸಾಲು. ನಮ್ಮ ಗುಂಪಿನ ಹತ್ತಿರ ಪರೀಕ್ಷೆಗೆಂದೇ ಇಟ್ಟ ಸಾಧನೆಗಳ ದೊಡ್ಡ ರಾಶಿ ಇದೆ. ಎಲ್ಲವನ್ನೂ ಓಡಿಸಿದೆ, ಒಂದೂ ಕೆಡಲಿಲ್ಲ. ಗುಂಪಿನವರೂ ನೋಡಿ ಬೆನ್ನು ತಟ್ಟಿದರು. ಈ ಹೊಸ ಆವೃತ್ತಿಯನ್ನು ಎಲ್ಲರಿಗೂ ಹಂಚುವುದಕ್ಕೆ ಇನ್ನೂ ಒಂದು ತಿಂಗಳಿತ್ತು. ನಾನು ಮಾತ್ರ ಹುರುಪಿನಲ್ಲಿ ಅದನ್ನು ಮಾಸ್ತರರ ಲ್ಯಾಪ್‌ಟಾಪಿಗೆ ಹಾಕಿ ಬಂದೆ.

ಮರುದಿನವೇ ಫೋನು.

“ಗಿರಿಜವ್ವ! ಕೆಂಪು ಹೋತು! ಪೂರಾ ಹಸಿರಾಗೈತಿ!”

ನಾನು ಕುಣಿದುಬಿಟ್ಟೆ. ಹಳೆಯ ಕೋಡಿನಲ್ಲೇ ಏನೋ ದೋಷವಿತ್ತು, ನನ್ನ ಕೈಗುಣದಿಂದ ಸರಿಹೋಯಿತು ಅಂದುಕೊಂಡೆ. ಸಂಜೆ ಸ್ಟಾಫ್ ರೂಮಿನಲ್ಲಿ ಪೇಡಾ ಹಂಚಿ, ಮಾಸ್ತರರಿಗೂ ಒಂದು ಡಬ್ಬಿ ಕಳಿಸಿದೆ. ಏನೂ ಬದಲಾಗಬಾರದ ಕೆಲಸದಲ್ಲಿ ಒಂದು ಬದಲಾಗಿದೆಯಲ್ಲ, ಯಾಕೆ ಎಂದು ಒಂದು ಗಳಿಗೆಯೂ ಕೇಳಿಕೊಳ್ಳಲಿಲ್ಲ. ಕಂಪ್ಯೂಟರ್ ಕಲಿಸುವವಳು ಬೇರೆ!

ಲಿಂಗಸುಗೂರಿನ ಕೂಟದವರಿಗೆ ಸುದ್ದಿ ಮುಟ್ಟಿತು. ಸಾಧನೆಯನ್ನು ಬಂದು ತೋರಿಸಿರೆಂದು ಮಾಸ್ತರರನ್ನು ಕರೆದರು. ಆ ಭಾನುವಾರ ಬೆಳಿಗ್ಗೆ ನಾನು ಸಿಂಧನೂರಿನಲ್ಲಿ ಬಸ್ಸು ಹತ್ತಿದೆ. ಮಸ್ಕಿಯಲ್ಲಿ ಮಾಸ್ತರರು ಹತ್ತಿದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆ ತುಂಬ ವಿಭೂತಿ, ಎದೆಗವುಚಿಕೊಂಡ ಲ್ಯಾಪ್‌ಟಾಪ್ ಚೀಲ. ದಾರಿಯುದ್ದಕ್ಕೂ ಅವರು ಆಡಿದ್ದು ಒಂದೇ ಮಾತು.

“ನಲವತ್ತು ವರ್ಷ ಬ್ಯಾರೇದವರ ಪ್ರಮೇಯ ಕಲಿಸೀನಿ. ಇದು ನಂದು ನೋಡವ್ವ.”

ಸಭೆಯಲ್ಲಿ ಮಾಸ್ತರರು ಚೆನ್ನಾಗಿ ಮಾತಾಡಿದರು. ಗೋಡೆಯ ಪರದೆಯ ಮೇಲೆ ಸಾಲುಗಳು ಒಂದೊಂದಾಗಿ ಹಸಿರಾಗುತ್ತ ಹೋದವು. ಕೊನೆಯದೂ ಹಸಿರಾದಾಗ ಚಪ್ಪಾಳೆ ಬಿತ್ತು. ಅಲ್ಲಿಗೇ ನಿಲ್ಲಿಸಿದ್ದರೆ ಊಟ ಮಾಡಿ, ಹಾರ ಹಾಕಿಸಿಕೊಂಡು ಬರುತ್ತಿದ್ದೆವು. ಆದರೆ ಹಳೆಯ ಪದ್ಧತಿ ಬಿಟ್ಟೀತೇ?

“ತಡೀರಿ. ನಾ ಪಾಠ ಮಾಡಿದರ ಕಳ್ಳ ಸಾಲು ಇರ್ಲೇಬೇಕು. ಇವತ್ತು ಅದನ್ನ ನೀವು ಹಿಡಿಯೋದು ಬ್ಯಾಡ, ಮಷೀನು ಹಿಡೀತೈತಿ ನೋಡ್ರಿ” ಎಂದರು.

ಅವರ ಸಾಧನೆಯ ಜೀವಾಳ ಇಷ್ಟು: ದೊಡ್ಡ ಅಂಗಳ ತುಂಬುತ್ತದೆ, ಯಾಕೆಂದರೆ ಅದಕ್ಕಿಂತ ಒಂದು ಸಾಲು ಚಿಕ್ಕ ಅಂಗಳ ತುಂಬುತ್ತದೆ. ಪ್ರತಿ ಹೆಜ್ಜೆಗೂ ಚಿಕ್ಕದಾಗುತ್ತಲೇ ಹೋಗಬೇಕು. ಮಾಸ್ತರರು ಒಂದು ಕಡೆ ‘ಒಂದು ಸಾಲು ಚಿಕ್ಕ’ ಎಂಬುದನ್ನು ಅಳಿಸಿ ‘ಅಷ್ಟೇ ದೊಡ್ಡ’ ಎಂದು ಮಾಡಿದರು. ಅಂದರೆ ಸಾಧನೆಯಲ್ಲಿದ್ದ ಎರಡು ಬಗೆಯ ಅಂಗಳಗಳಲ್ಲಿ ಇದು ತುಂಬುತ್ತದೆ, ಯಾಕೆಂದರೆ ಅದು ತುಂಬುತ್ತದೆ; ಅದು ತುಂಬುತ್ತದೆ, ಯಾಕೆಂದರೆ ಇದು ತುಂಬುತ್ತದೆ! ಶುದ್ಧ ಕಳ್ಳತನ. ಗುಂಡಿ ಒತ್ತಿ, ಸಭೆಯ ಕಡೆ ತಿರುಗಿ ಮೀಸೆಯಲ್ಲಿ ನಕ್ಕರು.

ಪರದೆ ಹಸಿರಾಯಿತು.

ಯಾರೋ ಹಿಂದಿನ ಸಾಲಿನಲ್ಲಿ ಕಿಸಕ್ಕನೆ ನಕ್ಕರು. ಮಾಸ್ತರರು ಕನ್ನಡಕ ಒರೆಸಿಕೊಂಡು ಮತ್ತೆ ಒತ್ತಿದರು. ಹಸಿರೇ. ನಾನು ಎದ್ದು ವೇದಿಕೆ ಹತ್ತುವಷ್ಟರಲ್ಲಿ ಅವರು ಹೊಸದೊಂದು ಹಾಳೆ ತೆರೆದು ಎರಡು ಹೇಳಿಕೆ ಬರೆಯುತ್ತಿದ್ದರು. ಎರಡೂ ಹೇಳಿದ್ದು ಒಂದೇ: ಸೊನ್ನೆಯು ಒಂದಕ್ಕೆ ಸಮ. ಮೊದಲನೆಯದಕ್ಕೆ ಎರಡನೆಯದು ಸಾಕ್ಷಿ, ಎರಡನೆಯದಕ್ಕೆ ಮೊದಲನೆಯದು ಸಾಕ್ಷಿ. ಇಬ್ಬರು ಕಳ್ಳರು ಒಬ್ಬರಿಗೊಬ್ಬರು ಜಾಮೀನು ನಿಂತ ಹಾಗೆ.

ಒತ್ತಿದರು. ಹಸಿರು.

ಸೊನ್ನೆ ಒಂದಕ್ಕೆ ಸಮವೆಂದು ನಮ್ಮ ಪ್ರೋಗ್ರಾಂ ಒಪ್ಪಿಕೊಂಡಿತ್ತು! ಅದನ್ನು ಒಪ್ಪಿದ ಮೇಲೆ ಜಗತ್ತಿನ ಯಾವ ಸುಳ್ಳನ್ನು ಬೇಕಾದರೂ ಒಪ್ಪುತ್ತದೆ. ಹೊಲಕ್ಕೆ ಬೇಲಿಯೇ ಇರಲಿಲ್ಲ, ಬೇಲಿ ಕಿತ್ತವಳು ನಾನೇ ಎಂಬುದು ಅಷ್ಟು ಹೊತ್ತಿಗೆ ಹೊಳೆದಿತ್ತು. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಮುಂದಿನ ಸಾಲಿನಲ್ಲಿದ್ದ ಚಿಕ್ಕ ವಯಸ್ಸಿನ ಟೀಚರಮ್ಮ ಒಬ್ಬರು ಮೆಲ್ಲಗೆ ಎದ್ದು ನಿಂತರು. “ಸರ್, ತಪ್ಪು ತಿಳೀಬ್ಯಾಡ್ರಿ. ಹಂಗಾದರ ನಿಮ್ ಸಾಧನಿ ಹಸಿರಾಗಿದ್ದಕ್ಕೂ ಅರ್ಥ ಇಲ್ಲಲ್ರೀ?”

“ಸರ್, ತಪ್ಪು ನಂದ್ರೀ...” ಎಂದು ನಾನು ಬಾಯಿ ತೆರೆದೆ. ಮಾಸ್ತರರು ಕೈ ಎತ್ತಿ ನನ್ನನ್ನು ತಡೆದರು.

“ತಂಗಿ ಖರೇ ಹೇಳಿದ್ರು. ನನ್ನ ಸಾಧನಿ ಸರಿ ಐತೋ ತಪ್ಪೈತೋ, ಈ ಹೊತ್ತಿಗೆ ನನಗ ಗೊತ್ತಿಲ್ಲ. ಹಾರ ಹಾಕಬ್ಯಾಡ್ರಿ” ಎಂದು ಹೇಳಿ ಲ್ಯಾಪ್‌ಟಾಪ್ ಮುಚ್ಚಿದರು.

ವಾಪಸು ಬರುವಾಗ ಮಸ್ಕಿಯಲ್ಲಿ ಅವರ ಜೊತೆ ನಾನೂ ಇಳಿದೆ. ಹಾಗೇ ಸಿಂಧನೂರಿಗೆ ಹೋಗುವ ಮುಖ ನನಗಿರಲಿಲ್ಲ. ಮಾಸ್ತರರ ಹೆಂಡತಿ ನೀಲಮ್ಮನವರು ಮಂಡಾಳ ಒಗ್ಗರಣೆ, ಮಿರ್ಚಿ ತಂದಿಟ್ಟು ಒಳಗೆ ಹೋದರು. ನಾನು ಕಟ್ಟೆಯ ಮೇಲೆ ಕೂತು ನಾನೇ ಅಳಿಸಿದ್ದ ಹದಿನಾಲ್ಕು ಸಾಲುಗಳನ್ನು ತೆಗೆದು ನೋಡಿದೆ.

ಎರಡೂ ತಪಾಸಣೆಗಳು ನೋಡುವುದಕ್ಕಷ್ಟೇ ಒಂದೇ ಥರ ಇದ್ದವು. ಉಳಿಸಿದ್ದು, ಒಂದು ಹೇಳಿಕೆ ತನಗೆ ತಾನೇ ಸಾಕ್ಷಿಯಾಗದಂತೆ ಕಾಯುತ್ತಿತ್ತು. ಅಳಿಸಿದ್ದು, ಎರಡು ಹೇಳಿಕೆಗಳು ಒಂದಕ್ಕೊಂದು ಸಾಕ್ಷಿಯಾಗದಂತೆ ಕಾಯುತ್ತಿತ್ತು. ಮಾಸ್ತರರ ಸಾಧನೆಯಲ್ಲಿ ಎರಡು ಬಗೆಯ ಅಂಗಳಗಳಿದ್ದವು, ಒಂದು ಮೂಲೆ ಮುರಿದದ್ದು, ಎರಡು ಮೂಲೆ ಮುರಿದದ್ದು. ಅವು ಒಂದರ ಮೇಲೊಂದು ಆತುಕೊಂಡಿದ್ದವು, ಹಾಗಾಗಿ ಉಳಿದ ತಪಾಸಣೆಯ ಕಣ್ಣಿಗೆ ಬೀಳಲಿಲ್ಲ. ಪರೀಕ್ಷೆಯ ಆ ದೊಡ್ಡ ರಾಶಿಯಲ್ಲಿ ಈ ಬಗೆಯ ತಪ್ಪು ಸಾಧನೆ ಒಂದೂ ಇರಲಿಲ್ಲ. ಪ್ರೋಗ್ರಾಂ ಇಂಥ ಸುಳ್ಳನ್ನು ತಿರಸ್ಕರಿಸುತ್ತದೆಯೇ ಎಂದು ಯಾರೂ ಕೇಳಿರಲಿಲ್ಲ.

ಅಳಿಸಿದ್ದನ್ನು ಮತ್ತೆ ಹಾಕಿದೆ. ಸೊನ್ನೆ ಒಂದಕ್ಕೆ ಸಮ: ಕೆಂಪು. ಬೆಳಗಿನ ಕಳ್ಳ ಸಾಲು: ಕೆಂಪು. ಆಮೇಲೆ ಕಳ್ಳ ಸಾಲನ್ನು ತೆಗೆದು, ಮಾಸ್ತರರ ಮೂಲ ಸಾಧನೆಯನ್ನೇ ಓಡಿಸಬೇಕಾಗಿತ್ತು. ನಾನು ಗುಂಡಿಯ ಮೇಲೆ ಬೆರಳಿಟ್ಟು ಮಾಸ್ತರರತ್ತ ನೋಡಿದೆ.

“ಒತ್ತವ್ವ” ಎಂದರು.

ಒತ್ತಿದೆ. ಎಂಟು ತಿಂಗಳು ಕೆಂಪಗಿದ್ದ ಅದೇ ಸಾಲು ಮತ್ತೆ ಕೆಂಪಾಗಿ ನಿಂತಿತು.

ಮಾಸ್ತರರು ಆ ಸಾಲನ್ನು ಒಮ್ಮೆ ಗಟ್ಟಿಯಾಗಿ ಓದಿದರು. ಆಮೇಲೆ ಎದ್ದು ಅಂಗಳಕ್ಕಿಳಿದು, ಬರಿಗಾಲಲ್ಲಿ ಕಲ್ಲುಗಳ ಮೇಲೆ ಒಂದು ಸುತ್ತು ನಡೆದು ಮೂಲೆಯಲ್ಲಿ ನಿಂತರು.

“ಗಿರಿಜಾ, ಇಲ್ಲಿ ಅಂಗಳ ಸಣ್ಣದ ಆಗಿಲ್ಲ ನೋಡು. ಬರೇ ತಿರುವಿ ಇಟ್ಟು, ಸಣ್ಣದಾತು ಅಂತ ಬರದೀನಿ. ಎಂಟು ತಿಂಗಳು ಮಷೀನು ಇದನ್ನ ಹೇಳಾಕತ್ತಿತ್ತು. ನಾ ಅದಕ್ಕ ತಿಳುವಳಿಕಿ ಇಲ್ಲ ಅಂದೆ.”

ನನಗೆ ಅಳು ತಡೆಯಲಾಗಲಿಲ್ಲ. “ನನ್ನಿಂದ ಅಷ್ಟು ಜನರ ಮುಂದ ನಿಮ್ಮ ಮರ್ಯಾದಿ ಹೋತ್ರೀ ಸರ್” ಎಂದೆ.

“ನನ್ನ ಕಳ್ಳ ಸಾಲು ನಾನ ಹಿಡೀಲಿಲ್ಲ, ಅದಕ್ಕ ನೀ ಯಾಕ ಅಳ್ತೀ? ಆದರ ಒಂದು ಕೇಳ್ತೀನಿ. ಕೆಂಪು ಇದ್ದಾಗ ದಿನಾ ಯಾಕ ಯಾಕ ಅಂತ ಜಗಳಾಡಿದ್ವಿ. ಹಸಿರಾದ ದಿನ ಯಾಕ ಅಂತ ನೀ ಕೇಳಿದೇನು? ನಾ ಕೇಳಿದ್ನೇನು?”

ಇಬ್ಬರೂ ಕೇಳಿರಲಿಲ್ಲ. ಪೇಡಾ ತಿಂದಿದ್ದೆವು.

ಆ ಸಂಜೆಯೇ, ಅದೇ ಕಟ್ಟೆಯ ಮೇಲೆ ಕೂತು ಗುಂಪಿನವರಿಗೆಲ್ಲ ಬರೆದೆ. ತಪ್ಪು ನನ್ನದು, ಹಂಚುವುದನ್ನು ನಿಲ್ಲಿಸಿ ಎಂದೆ. ಯಾರೂ ಬೈಯಲಿಲ್ಲ. ನನ್ನ ಬದಲಾವಣೆಯನ್ನು ನೋಡಿ ಒಪ್ಪಿದ್ದವರು ತಾವೂ ಬೆಚ್ಚಿಬಿದ್ದೆವೆಂದು ಬರೆದರು. ಸುಳ್ಳು ಸಾಧನೆಗಳಿಗೇ ಬೇರೆ ಒಂದು ಸಂಗ್ರಹ ಮಾಡೋಣ, ಕೋಡಿನಲ್ಲಿ ಯಾರು ಏನು ಮುಟ್ಟಿದರೂ ಪ್ರೋಗ್ರಾಂ ಅವೆಲ್ಲವನ್ನೂ ತಿರಸ್ಕರಿಸಿ ತೋರಿಸಬೇಕು ಎಂದು ನಾನು ಕೇಳಿದೆ. ಒಪ್ಪಿದರು. ಮೊದಲನೆಯದಾಗಿ ಸೊನ್ನೆ-ಒಂದರದ್ದನ್ನು ಹಾಕುತ್ತೇನೆಂದು ಮಾಸ್ತರರಿಗೆ ಹೇಳಿದಾಗ ಅವರು ಬೇಡವೆಂದು ತಲೆಯಾಡಿಸಿದರು.

“ಅದು ಬೇಕಂತ ಬರದ ಸುಳ್ಳು. ಅದನ್ನ ಆಮ್ಯಾಲ ಹಾಕು. ಮೊದಲು ನಂದು ಹಾಕವ್ವ. ನಂಬಿ ಬರದಿದ್ದು. ಕೆಳಗ ನನ್ನ ಹೆಸರೂ ಇರಲಿ.”

ಅಂಗಳದ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ಮಾಸ್ತರರು ಇಂದಿಗೂ ಅದರ ಬೆನ್ನು ಹತ್ತಿದ್ದಾರೆ. ನಮ್ಮ ಮನೆಯ ಅಡುಗೆಮನೆಯಲ್ಲಿ ಈಗ ಎರಡು ಸವಟುಗಳಿವೆ, ಎರಡನೆಯದು ನಾನೇ ಕೊಂಡು ತಂದಿದ್ದು. ಕೋಡಿನಲ್ಲಿ ಒಂದು ಸಾಲು ಮುಟ್ಟಿದರೂ ಮೊದಲು ಓಡುವುದು ಅಮರಪ್ಪ ಮಾಸ್ತರರ ತಪ್ಪು ಸಾಧನೆ. ಎಲ್ಲರೂ ಹಸಿರಿಗೆ ಕಾಯುವಾಗ ನಾನು ಅದೊಂದು ಕೆಂಪಿಗೆ ಕಾಯುತ್ತೇನೆ. ಅದು ಕೆಂಪಾದ ಮೇಲೆಯೇ ಉಸಿರು ಬಿಡುತ್ತೇನೆ.