ಬೋನಿನಣ್ಣನ ಕಾಯಂ ಅತಿಥಿಗಳು

ಬೆಳಗಿನ ಐದೂಮುಕ್ಕಾಲು. ನೀರಿನ ಟ್ಯಾಂಕಿನ ಹಿಂದಿರುವ ಹುಲ್ಲುಗಾವಲಿನಲ್ಲಿ ಐವತ್ತನಾಲ್ಕು ವರ್ಷದ ಒಬ್ಬರು ಮಂಡಿಯೂರಿ, ಒಂದು ತಗಡಿನ ಪೆಟ್ಟಿಗೆಗೆ ಕಿವಿ ಹಚ್ಚಿ ಕೂತಿದ್ದಾರೆ. ಒಳಗೆ ಸದ್ದಿಲ್ಲ. ಆ ಮೌನದಲ್ಲಿ ಎರಡು ಬಗೆ ಇದೆ ಎನ್ನುವುದು ಅವರಿಗೆ ಗೊತ್ತು. ಖಾಲಿ ಪೆಟ್ಟಿಗೆಯ ಮೌನ ಸುಮ್ಮನೆ ಇರುತ್ತದೆ. ಇಲಿ ಕೂತ ಪೆಟ್ಟಿಗೆಯ ಮೌನ ಇವರನ್ನೇ ಕಾಯುತ್ತಿರುತ್ತದೆ.

"ಇದ್ದಾಳೆ," ಎಂದು ಪಿಸುಗುಟ್ಟುತ್ತಾರೆ. ಪೆಟ್ಟಿಗೆಯ ಬಾಯಿಗೆ ಬಟ್ಟೆಯ ಚೀಲ ಹಿಡಿದು ಮೆಲ್ಲಗೆ ಕೊಡವುತ್ತಾರೆ. ಹೆಬ್ಬೆರಳಿನಷ್ಟು ಉದ್ದದ ಹುಲ್ಲಿಲಿಯೊಂದು ಚೀಲಕ್ಕೆ ಜಾರುತ್ತದೆ. ಅದರ ಕಿವಿಯಲ್ಲಿ ಅಕ್ಕಿಕಾಳಿನಷ್ಟು ಚಿಕ್ಕ ತಗಡು. ನಂಬರು ಹದಿನೇಳು.

"ಬಂದ್ಯಾ ತಾಯಿ? ನಿನ್ನೆ ತಾನೇ ಹೋಗಿದ್ದೆ. ಮನೇಲಿ ಒಲೆ ಹಚ್ಚಿಲ್ವಾ?"

ಚೀಲವನ್ನು ಸ್ಪ್ರಿಂಗ್ ತಕ್ಕಡಿಗೆ ನೇತುಹಾಕಿ ನೋಡುತ್ತಾರೆ. ಇಪ್ಪತ್ತಾರು ಗ್ರಾಂ. ಕಳೆದ ತಿಂಗಳು ಇಪ್ಪತ್ತೆರಡಿತ್ತು. "ಬಸುರಿ ಅಲ್ಲ. ಬರೀ ತಿಂದಿದ್ದು," ಎಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಇಲಿಯನ್ನು ಬಿಡುತ್ತಾರೆ. ಅದು ಓಡುವುದಿಲ್ಲ, ಗತ್ತಿನಿಂದ ನಡೆದು ಹೋಗುತ್ತದೆ.

ಸುತ್ತಲಿನವರೆಲ್ಲ ಅವರನ್ನು ಬೋನಿನಣ್ಣ ಎಂದೇ ಕರೆಯುತ್ತಾರೆ. ಸಂಶೋಧನಾ ಕೇಂದ್ರವೊಂದಕ್ಕೆ ಈ ಹುಲ್ಲುಗಾವಲಿನಲ್ಲಿ ಎಷ್ಟು ಇಲಿಗಳಿವೆ ಎಂದು ಎಣಿಸಿಕೊಡುವುದು ಹತ್ತೊಂಬತ್ತು ವರ್ಷಗಳಿಂದ ಅವರ ಕೆಲಸ. ಅದಕ್ಕೂ ಮೊದಲು ಡಬ್ಬ, ಆಲಿಕೆ, ತಗಡಿನ ಮುಚ್ಚಳ ಮಾಡುವ ಅಂಗಡಿಯಲ್ಲಿದ್ದರು. ಕೇಂದ್ರದವರ ಇಪ್ಪತ್ತು ಬೋನುಗಳ ಬಾಗಿಲು ಕೆಟ್ಟಿದ್ದಾಗ ರಿಪೇರಿಗೆ ಬಂದವರು ವಾಪಸು ಹೋಗಲೇ ಇಲ್ಲ. ಈಗ ಅರವತ್ತು ಬೋನುಗಳಿವೆ, ಸಾಲಿಗೆ ಹತ್ತರಂತೆ ಆರು ಸಾಲು. ಸಂಜೆ ಇಟ್ಟು ಬೆಳಗಾಗುವ ಹೊತ್ತಿಗೆ ತೆರೆಯಬೇಕು. ತಡವಾದರೆ ಚಳಿಗೋ ಬಿಸಿಲಿಗೋ ಇಲಿ ಸಾಯುತ್ತದೆ. ಹತ್ತೊಂಬತ್ತು ವರ್ಷಗಳಲ್ಲಿ ಅವರ ಕೈಯಲ್ಲಿ ಸತ್ತಿರುವುದು ನಾಲ್ಕು. ಆ ನಾಲ್ಕರ ನಂಬರನ್ನೂ ಪುಸ್ತಕ ನೋಡದೆ ಹೇಳುತ್ತಾರೆ.

ಇಲಿ ಹಿಡಿದು ಬಿಟ್ಟುಬಿಡುವುದೂ ಒಂದು ಉದ್ಯೋಗವೇ ಎಂದು ನಕ್ಕವರು ಕಡಿಮೆ ಇಲ್ಲ. ಅವರ ಬಾಡಿಗೆ ಮನೆಯ ಒಡತಿಗೂ ಅದು ಅರ್ಥವಾಗಿರಲಿಲ್ಲ. "ದಿನಾ ಇಷ್ಟು ಇಲಿ ಹಿಡೀತೀರ, ನಮ್ಮ ಉಗ್ರಾಣದಲ್ಲಿ ಒಂದು ಸೇರಿಕೊಂಡಿದೆ, ಹಿಡಿದುಕೊಡಿ," ಎಂದು ಕೇಳಿದ್ದರು. ಬೋನಿನಣ್ಣ ಒಂದೇ ರಾತ್ರಿಯಲ್ಲಿ ಹಿಡಿದರು. ಬೆಳಿಗ್ಗೆ ಅದನ್ನು ತೂಗಿದರು, ಕಿವಿಗೆ ನಂಬರು ಹಾಕಿದರು, ಹಿಡಿದ ಜಾಗದಲ್ಲೇ ಬಿಟ್ಟರು.

"ಕೈಗೆ ಅಭ್ಯಾಸ ಆಗಿಬಿಟ್ಟಿತ್ತು," ಎನ್ನುತ್ತಾರೆ ಈಗಲೂ ಮುಖ ಸಪ್ಪಗೆ ಮಾಡಿಕೊಂಡು. "ಎರಡು ತಿಂಗಳು ಆಯಮ್ಮ ಮಾತಾಡಿಸಲಿಲ್ಲ. ಆಮೇಲೊಂದಿನ ಬಂದು, 'ನಿಮ್ಮ ನಂಬರಿನವನು ಸಂಸಾರ ಕಟ್ಟಿದಾನೆ' ಅಂತ ಹೇಳಿ ಹೋದ್ರು."

ಹುಲ್ಲುಗಾವಲು ದೊಡ್ಡದೇನಲ್ಲ. ಒಂದು ಕಡೆ ಟಾರು ರಸ್ತೆ, ಇನ್ನೊಂದು ಕಡೆ ಚರಂಡಿ, ಹಿಂದೆ ತಂತಿ ಬೇಲಿ. ಇಲ್ಲಿ ಯಾರಿಗೆ ಯಾರು ಏನಾಗಬೇಕು ಎನ್ನುವುದು ಬೋನಿನಣ್ಣನಿಗೆ ಬಾಯಿಪಾಠ. "ಹುಲ್ಲಿಲಿ ಬೀಜ ತಿನ್ನುತ್ತೆ, ಸುಂಡಿಲಿ ಹುಳ ತಿನ್ನುತ್ತೆ. ಒಂದೇ ಓಣಿ, ಬೇರೆ ಬೇರೆ ಅಡುಗೆಮನೆ. ಅದಕ್ಕೇ ಜಗಳ ಇಲ್ಲ. ಇರುವೆ ಮಾತ್ರ ಎಲ್ಲರ ಮನೆಗೂ ನುಗ್ಗುತ್ತೆ. ಆ ದೀಪದ ಕಂಬದ ಮೇಲೆ ಒಂದು ಗೂಬೆ ಕೂರುತ್ತೆ, ಅದಕ್ಕೆ ಬೀಜಾನೂ ಬೇಡ ಹುಳಾನೂ ಬೇಡ." ಒಂದೊಂದು ಹೆಣ್ಣಿಲಿ ಒಂದು ಸಲಕ್ಕೆ ಆರು ಮರಿ ಹಾಕಿದರೂ ಇಡೀ ಊರು ಇಲಿಮಯ ಆಗದೆ ಇರುವುದು ಹೇಗೆ ಎಂದು ಕೇಳಿದರೆ ಅವರಿಗೆ ನಗು. "ಬೀಜ ಎಷ್ಟಿದೆಯೋ ಅಷ್ಟೇ ಸಂಸಾರ. ಮೊದಮೊದಲು ಎರಡಕ್ಕೆ ನಾಲ್ಕು, ನಾಲ್ಕಕ್ಕೆ ಎಂಟು ಅಂತ ಏರುತ್ತೆ. ಆಮೇಲೆ ಜಾಗ ಸಾಲಲ್ಲ, ತಿನ್ನೋಕೆ ಸಾಲಲ್ಲ, ತಾನೇ ನಿಧಾನ ಆಗುತ್ತೆ. ಯಾರೂ ಹೇಳಿಕೊಡಬೇಕಾಗಿಲ್ಲ."

ಇಷ್ಟು ತಿಳಿದವರೇ ಈ ವರ್ಷ ಹುಲ್ಲುಗಾವಲನ್ನು ಕಳೆದುಬಿಡುವ ಹಂತಕ್ಕೆ ಬಂದಿದ್ದರು.

ಈ ಜಾಗದಲ್ಲಿ ವಾಹನ ನಿಲ್ಲಿಸುವ ತಾಣ ಮಾಡಬೇಕೆಂದು ಪುರಸಭೆಗೆ ಬಹಳ ಕಾಲದಿಂದ ಆಸೆ. ತಡೆದಿರುವುದು ಒಂದೇ ಒಂದು ಷರತ್ತು. ಎರಡು ವರ್ಷಕ್ಕೊಮ್ಮೆ ಪುರಸಭೆಗೆ ಕೊಡುವ ಲೆಕ್ಕದಲ್ಲಿ ಹುಲ್ಲಿಲಿಗಳು ಕನಿಷ್ಠ ನೂರಿಪ್ಪತ್ತು ಇರುವ ತನಕ ಹುಲ್ಲಿಗೆ ಕೈ ಹಚ್ಚುವಂತಿಲ್ಲ. ಅದಕ್ಕಿಂತ ಕಡಿಮೆಯಾದರೆ ಆ ಸಂತತಿ ಹೇಗೂ ಉಳಿಯುವುದಿಲ್ಲ ಎಂದು ಲೆಕ್ಕ, ಮಾರನೇ ದಿನವೇ ರೋಡ್ ರೋಲರ್. ಮೊದಲೆಲ್ಲ ನೂರನಲವತ್ತರ ಆಸುಪಾಸಿನಲ್ಲಿದ್ದ ಸಂಖ್ಯೆ ಎಂಟು ತಿಂಗಳ ಹಿಂದೆ ಇಳಿಯತೊಡಗಿತು. ತೊಂಬತ್ತಾರು, ಎಪ್ಪತ್ತೊಂದು, ನಲವತ್ತೊಂಬತ್ತು.

ಪ್ರತಿ ಇಲಿಯನ್ನೂ ಹಿಡಿದು ಎಣಿಸಲು ಯಾರಿಂದಲೂ ಆಗದು. ಅದಕ್ಕೊಂದು ಉಪಾಯವಿದೆ. ಒಂದಷ್ಟನ್ನು ಹಿಡಿದು ಗುರುತು ಹಾಕಿ ಬಿಡಬೇಕು, ಕೆಲವು ದಿನ ಬಿಟ್ಟು ಮತ್ತೆ ಹಿಡಿಯಬೇಕು. ಎರಡನೇ ಸಲ ಸಿಕ್ಕವುಗಳಲ್ಲಿ ಅರ್ಧಕ್ಕೆ ಗುರುತಿದ್ದರೆ, ಒಟ್ಟು ಇಲಿಗಳು ಗುರುತು ಹಾಕಿದವುಗಳ ಎರಡರಷ್ಟು ಎಂದು ಅರ್ಥ. ಬೋನಿನಣ್ಣನ ಹೆಂಡತಿ ಬಟ್ಟೆ ಹೊಲಿಯುತ್ತಾರೆ, ಇಲಿ ತೂಗುವ ಚೀಲಗಳೂ ಅವರ ಕೈಯವೇ. ಮದುವೆಯಾದ ಹೊಸತರಲ್ಲಿ ಗಂಡನ ಈ ಉಪಾಯವನ್ನು ಅವರು ಗುಂಡಿ ಡಬ್ಬಿಯಲ್ಲಿ ಪರೀಕ್ಷಿಸಿದ್ದರು. ಇಪ್ಪತ್ತು ಬಿಳಿ ಗುಂಡಿಗೆ ಶಾಯಿ ಹಚ್ಚಿ ಡಬ್ಬಿಗೆ ಹಾಕಿ ಕಲಸಿ, ಕಣ್ಣು ಮುಚ್ಚಿ ಇಪ್ಪತ್ತು ತೆಗೆದರು. ಐದರಲ್ಲಿ ಶಾಯಿ ಇತ್ತು. ಅಂದರೆ ಎಂಬತ್ತು. ಸುರಿದು ಎಣಿಸಿದಾಗ ಎಂಬತ್ತಮೂರು. "ಇವರ ಲೆಕ್ಕದಲ್ಲಿ ನನ್ನ ಮೂರು ಗುಂಡಿ ಹೋಯ್ತು," ಎಂದು ಅವರು ಇಂದಿಗೂ ದೂರುತ್ತಾರೆ.

ಸಂಖ್ಯೆ ಇಳಿಯುತ್ತಿದ್ದಂತೆ ಈ ಎಣಿಕೆ ನೋಡಿಕೊಳ್ಳುವ ಕೇಂದ್ರದ ಮೇಡಂಗೆ ನಿದ್ದೆ ಬಾರದಾಯಿತು. ಮೊದಲು ಗೂಬೆಯ ಮೇಲೆ ಅನುಮಾನ. ಆಮೇಲೆ ಬೀದಿ ಬೆಕ್ಕುಗಳ ಮೇಲೆ. ಆಮೇಲೆ, ನಾಲ್ಕೂ ಕಡೆ ದಾರಿ ಮುಚ್ಚಿರುವುದರಿಂದ ಇಲಿಗಳು ತಮ್ಮ ತಮ್ಮಲ್ಲೇ ಕೂಡಿ ರಕ್ತ ದುರ್ಬಲವಾಗಿದೆಯೇ ಎಂದು. ಇಲಿಗಳ ಕಿವಿಯಂಚಿನಿಂದ ಸಾಸಿವೆಯಷ್ಟು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಬಂದ ಉತ್ತರ ನೋಡಿ ಅವರಿಗೆ ಇನ್ನೂ ತಲೆ ಕೆಟ್ಟಿತು.

"ಐವತ್ತೇ ಇಲಿ ಉಳಿದಿದ್ರೆ ಎಲ್ಲ ಒಂದೇ ಮನೆಯವರ ಥರ ಕಾಣಬೇಕಿತ್ತು ಅಣ್ಣಾ. ಇವು ಒಂದೊಂದೂ ಒಂದೊಂದು ಊರಿಂದ ಬಂದ ಹಾಗಿವೆ."

"ಹೌದು ಮೇಡಂ. ಬೆನ್ನು ಕಪ್ಪಗಿರೋದಿದೆ, ಮರಳು ಬಣ್ಣದ್ದಿದೆ, ಕಾಲ್ಬೆರಳು ಬಿಳಿ ಇರೋದಿದೆ."

"ಹಾಗಾದ್ರೆ ಮಿಕ್ಕಿದ್ದು ಎಲ್ಲಿ ಹೋದ್ವು?"

ಅದಕ್ಕೆ ಉತ್ತರ ಬೋನಿನಣ್ಣನ ಬಳಿಯೇ ಇತ್ತು, ಆದರೆ ಅದು ಆಗ ಅವರಿಗೇ ಗೊತ್ತಿರಲಿಲ್ಲ.

ಟ್ಯಾಂಕಿನ ಕಾವಲುಗಾರನ ಬಳಿ ಮಾತ್ರ ಸುಲಭದ ಪರಿಹಾರವಿತ್ತು. "ನೂರಮೂವತ್ತು ಅಂತ ಬರೆದು ಬಿಸಾಕು ಬೋನಿನಣ್ಣ. ಇಲಿ ಬಂದು ಕೇಳುತ್ತಾ?"

"ಇಲಿ ಕೇಳಲ್ಲ ಮಾರಾಯ. ಮುಂದಿನ ತಿಂಗಳು ಎಣಿಸೋನೂ ನಾನೇ ಅಲ್ವಾ? ನನ್ನ ಸುಳ್ಳಿನ ಮೇಲೆ ನಾನೇ ಎಣಿಸ್ತಾ ಹೋಗ್ಲಾ?"

ಸುಳ್ಳು ಬರೆಯಲು ಮನಸ್ಸಿಲ್ಲ, ಕೈಕಟ್ಟಿ ಕೂರಲೂ ಮನಸ್ಸಿಲ್ಲ. ಹಾಗಾಗಿ ಅವರು ತಮಗೆ ಗೊತ್ತಿದ್ದ ಒಂದೇ ದಾರಿ ಹಿಡಿದರು. ಹೆಚ್ಚು ಇಲಿ ಬರಲೆಂದು ಬೋನಿನ ತಿಂಡಿಯನ್ನು ಇನ್ನಷ್ಟು ರುಚಿ ಮಾಡಿದರು. ಕೇಂದ್ರದ ನಿಯಮದ ಪ್ರಕಾರ ಬೋನಿನೊಳಗೆ ಇಡಬೇಕಾದದ್ದು ಒಂದು ಚಮಚ ಒಣ ಓಟ್ಸ್. ಬೋನಿನಣ್ಣ ಎಂಟು ತಿಂಗಳ ಹಿಂದೆಯೇ ಯಾರಿಗೂ ಹೇಳದೆ ಅದಕ್ಕೆ ಹುರಿದ ಕಡಲೆಕಾಯಿ ಪುಡಿ ಸೇರಿಸಲು ಶುರುಮಾಡಿದ್ದರು. "ಪಾಪ, ರಾತ್ರಿಯಿಡೀ ಒಳಗೆ ಕೂರಬೇಕಲ್ಲ ಅಂತ." ಈಗ ಅದರ ಮೇಲೆ ಬೆಣ್ಣೆಯನ್ನೂ ಹಚ್ಚಿದರು. ಹೆಂಡತಿ ಒಲೆಯ ಮುಂದೆ ನಿಂತು, "ನನಗೆ ಒಂದು ದಿನಾನೂ ಹೀಗೆ ಬೆಣ್ಣೆ ಹಚ್ಚಲಿಲ್ವಲ್ಲ ನೀವು," ಎಂದರು.

ಆ ತಿಂಗಳು ಬೋನುಗಳು ಬಹುಪಾಲು ಭರ್ತಿ. ಮೊದಲ ಸುತ್ತಿನಲ್ಲಿ ನಲವತ್ತನಾಲ್ಕಕ್ಕೆ ಗುರುತು. ಎರಡನೇ ಸುತ್ತಿನಲ್ಲೂ ನಲವತ್ತನಾಲ್ಕು ಸಿಕ್ಕವು. ಬೋನಿನಣ್ಣ ಹಿರಿಹಿರಿ ಹಿಗ್ಗಿದರು. ಆದರೆ ಅವುಗಳಲ್ಲಿ ನಲವತ್ತೆರಡರ ಕಿವಿಯಲ್ಲಿ ಆಗಲೇ ತಗಡಿತ್ತು. ಮೇಡಂ ಲೆಕ್ಕ ಹಾಕಿ ಪೆನ್ನು ಕೆಳಗಿಟ್ಟರು. ನಲವತ್ತಾರು. ಹಿಂದಿನ ಸಲಕ್ಕಿಂತ ಮೂರು ಕಡಿಮೆ.

ವಿಷಯ ಹೊಳೆದದ್ದು ಮರುದಿನ ಬೆಳಿಗ್ಗೆ. ಮೂರನೇ ಸಾಲಿನಲ್ಲಿ ಹದಿನೇಳನೇ ನಂಬರನ್ನು ಬಿಟ್ಟು, ಸಂಜೆಗೆಂದು ಬೋನಿಗೆ ಆಗಲೇ ಹೊಸ ತಿಂಡಿ ಹಾಕಿ, ಬೋನಿನಣ್ಣ ನಾಲ್ಕನೇ ಸಾಲಿಗೆ ಹೋಗಿದ್ದರು. ಹಿಂದೆ ಟಪ್ ಎಂದಿತು. ತಿರುಗಿ ಬಂದು ನೋಡಿದರೆ ಹದಿನೇಳು ಒಳಗೆ ಕೂತು, ಎರಡೂ ಕೈಯಲ್ಲಿ ಬೆಣ್ಣೆ ಹತ್ತಿದ ಓಟ್ಸ್ ಹಿಡಿದು, ಅಡ್ಡಿಪಡಿಸಿದವರನ್ನು ನೋಡುವಂತೆ ಅವರನ್ನು ನೋಡಿತು. ಅವರು ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟರು. ಎಲ್ಲ ಪರಿಚಿತ ಮುಖಗಳೇ. ಎಂಟು ತಿಂಗಳಿಂದ ತಾನು ಇಲಿ ಎಣಿಸುತ್ತಿಲ್ಲ, ಊಟ ಬಡಿಸುತ್ತಿದ್ದೇನೆ. ಒಮ್ಮೆ ತಿಂದು ರುಚಿ ಹತ್ತಿದವು ಓಡೋಡಿ ಬಂದು ಬೋನು ಹಿಡಿದುಕೊಳ್ಳುತ್ತಿವೆ. ಹೊಸಬರು ಬರುವ ಹೊತ್ತಿಗೆ ಹೆಚ್ಚಿನ ಬಾಗಿಲುಗಳು ಮುಚ್ಚಿರುತ್ತವೆ. ಗುರುತಿನವೇ ಮತ್ತೆ ಮತ್ತೆ ಸಿಕ್ಕರೆ ಕಾಗದದ ಮೇಲೆ ಬೇರೆ ಇಲಿಗಳೇ ಇಲ್ಲ ಎಂದಾಗುತ್ತದೆ.

ಮನೆಗೆ ಹೋಗಿ ಹೆಂಡತಿಗೆ ಹೇಳಿದರು. ಆಕೆ ಸೂಜಿಗೆ ದಾರ ಪೋಣಿಸುತ್ತ ತಲೆಯನ್ನೂ ಎತ್ತಲಿಲ್ಲ. "ಮತ್ತಿನ್ನೇನು? ಗುಂಡಿಗೆ ಹೊಟ್ಟೆ ಇಲ್ಲಾರೀ. ನನ್ನ ಕೈ ಹುಡುಕಿಕೊಂಡು ಅದು ಓಡಿ ಬರಲ್ಲ."

ಮೇಡಂ ಎದುರು ತಪ್ಪೊಪ್ಪಿಕೊಳ್ಳಲು ಹೊರಟಾಗ ಬೋನಿನಣ್ಣನ ಕೈಯಲ್ಲಿ ಬೆಣ್ಣೆಯ ಡಬ್ಬಿ ಇತ್ತು, ಸಾಕ್ಷಿಗೆ. ಮೇಡಂ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಡಬ್ಬಿಯ ಮುಚ್ಚಳ ತೆಗೆದು ಮೂಸಿದರು.

"ಎಷ್ಟು ತಿಂಗಳಿಂದ?"

"ಎಂಟು."

"ಅಣ್ಣಾ, ನಾನು ಗೂಬೆ ಬಗ್ಗೆ ಹನ್ನೊಂದು ಪುಟ ಬರೆದು ಕಳಿಸಿದೀನಿ."

"ತಪ್ಪಾಯ್ತು ಮೇಡಂ. ಜನ ಬೇರೆಯವರ ಮೇಲೆ ಗೂಬೆ ಕೂರಿಸ್ತಾರೆ. ನಾವು ಪಾಪದ ಗೂಬೆ ಮೇಲೇ ಕೂರಿಸಿಬಿಟ್ವಿ."

ಮೇಡಂ ಮೇಜಿನ ಮೇಲೆ ತಲೆಯಿಟ್ಟರು. ಅಳುತ್ತಿದ್ದಾರೆಂದು ಬೋನಿನಣ್ಣ ಗಾಬರಿಯಾದರು. ಭುಜ ಕುಲುಕುತ್ತಿದ್ದದ್ದು ನಗುವಿಗೆ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಹನ್ನೊಂದು ಪುಟಗಳನ್ನು ಅವರು ಅಂದೇ ವಾಪಸು ಕೇಳಿ ಪತ್ರ ಬರೆದರು.

ಪುರಸಭೆಗೆ ಸಂಖ್ಯೆ ಕೊಡಲು ಹದಿನೆಂಟು ದಿನ ಉಳಿದಿತ್ತು. ಮರು ಎಣಿಕೆಯ ಉಪಾಯ ಹೇಳಿದ್ದು ಬೋನಿನಣ್ಣನೇ. ಗುರುತು ಹಾಕುವ ದಿನ ಒಣ ಓಟ್ಸ್ ಮಾತ್ರ. ಮತ್ತೆ ಹಿಡಿಯುವ ದಿನ ತಿಂಡಿಯೇ ಬೇಡ, ಸಾಲೂ ಬೇಡ. ಇಲಿಗಳು ದಿನಾ ಓಡಾಡಿ ಸವೆಸಿದ ಜಾಡುಗಳನ್ನು ಹುಲ್ಲು ಸರಿಸಿ ಹುಡುಕಿ, ಖಾಲಿ ಬೋನನ್ನು ಅಡ್ಡ ಇಡುವುದು. ಆಸೆಗೆ ಬರುವವರು ಬೇಡ, ದಾರಿಯಲ್ಲಿ ಹೋಗುವವರು ಸಿಗಲಿ. ಆ ಜಾಡುಗಳು ಯಾವ ಪುಸ್ತಕದಲ್ಲೂ ಇಲ್ಲ, ಅವರ ಮಂಡಿಗಳಿಗೆ ಮಾತ್ರ ಗೊತ್ತು. ಎರಡು ದಿನ ಅವರು ಹುಲ್ಲಿನೊಳಗೆ ಅಂಬೆಗಾಲಿಟ್ಟರು. ಬೇಲಿಯಾಚೆ ನಿಂತ ಕಾವಲುಗಾರ, "ಏನು ಕಳಕೊಂಡೆ?" ಎಂದು ಕೂಗಿದ. "ನೂರು ಇಲಿ!" ಎಂದು ಇವರು ಒಳಗಿನಿಂದಲೇ ಕೂಗಿದರು.

ಓಟ್ಸ್ ಇಟ್ಟ ದಿನ ಈ ಸಲವೂ ನಲವತ್ತನಾಲ್ಕಕ್ಕೆ ಗುರುತಾಯಿತು. ಜಾಡಿಗೆ ಬೋನಿಟ್ಟ ಮೊದಲ ಬೆಳಿಗ್ಗೆ ಸಿಕ್ಕಿದ್ದು ಇಪ್ಪತ್ತನಾಲ್ಕೇ ಇಲಿಗಳು. ಹಿಂದಿನ ಸಲಕ್ಕೆ ಹೋಲಿಸಿದರೆ ಹೆಚ್ಚೂಕಡಿಮೆ ಅರ್ಧ. ಬೋನಿನಣ್ಣ ಒಂದೊಂದರ ಕಿವಿಯನ್ನೂ ಬೆಳಕಿಗೆ ಹಿಡಿದು ನೋಡುತ್ತ ಹೋದರು. ಬರಿಯ ಕಿವಿ. ಬರಿಯ ಕಿವಿ. ತಗಡು. ಬರಿಯ ಕಿವಿ. ಕೊನೆಗೆ ಏಳರಲ್ಲಿ ಮಾತ್ರ ತಗಡು. ನಲವತ್ತನಾಲ್ಕನ್ನು ಇಪ್ಪತ್ತನಾಲ್ಕರಿಂದ ಗುಣಿಸಿ, ಏಳರಿಂದ ಭಾಗಿಸಿ. ದಶಮಾಂಶ ಬಿಟ್ಟು ಮೇಡಂ ಬರೆದರು. ನೂರೈವತ್ತು.

ಒಂದು ದಿನದ ಅದೃಷ್ಟವನ್ನು ನಂಬುವಂತಿಲ್ಲ ಎಂದು ಇನ್ನೆರಡು ಸಲ ಮಾಡಿದರು. ನೂರಮೂವತ್ತೆಂಟು. ನೂರಾ ಅರವತ್ತು. ಹುಲ್ಲುಗಾವಲು ಎಂಟು ತಿಂಗಳೂ ತುಂಬಿಯೇ ಇತ್ತು. ಪುರಸಭೆಗೆ ಕಳಿಸಿದ ವರದಿಯಲ್ಲಿ ಮೂರೂ ಸಂಖ್ಯೆಗಳಿವೆ, ಹಿಂದಿನ ತಪ್ಪಿಗೆ ಕಾರಣವೂ ಇದೆ. ಬೆಣ್ಣೆ ಎಂಬ ಪದ ಬೇಡ ಎಂದು ಮೇಡಂ ಅಂದಿದ್ದರು. ಬೋನಿನಣ್ಣ ಬರೆಸಿಯೇ ಬರೆಸಿದರು.

ಪುರಸಭೆಯ ಪತ್ರ ಕಳೆದ ವಾರ ಬಂದಿದೆ. ಮುಂದಿನ ಪರಿಶೀಲನೆಯವರೆಗೆ, ಅಂದರೆ ಎರಡು ವರ್ಷ, ಹುಲ್ಲಿಗೆ ಯಾರೂ ಕೈ ಹಚ್ಚುವಂತಿಲ್ಲ. ವಾಹನಗಳಿಗೆ ಬೇರೆ ಜಾಗ ನೋಡುತ್ತಾರಂತೆ. ಪತ್ರದಲ್ಲಿ ಕೇಂದ್ರದ ಹೆಸರಿದೆ, ಮೇಡಂ ಹೆಸರಿದೆ. ಎಣಿಸಿದವರ ಹೆಸರು ಹಾಕುವ ಪದ್ಧತಿಯಿಲ್ಲ. ಅದರ ಬಗ್ಗೆ ಬೋನಿನಣ್ಣನಿಗೆ ಬೇಸರವಿದ್ದಂತಿಲ್ಲ. ಅವರಿಗೆ ಬೇರೆಯದೇ ಒಂದು ಆಸೆ ಹತ್ತಿದೆ.

ಬಿಸಿಲು ಏರಿ ಅರವತ್ತೂ ಬೋನುಗಳು ಖಾಲಿಯಾದ ಮೇಲೆ, ಅವರು ಬೇಲಿಯ ಬಳಿ ಕೂತು ಪ್ಯಾಂಟಿಗೆ ಅಂಟಿದ ಹುಲ್ಲುಬೀಜಗಳನ್ನು ಒಂದೊಂದಾಗಿ ಕಿತ್ತು ಮತ್ತೆ ನೆಲಕ್ಕೇ ಹಾಕುತ್ತಾರೆ.

"ಹತ್ತೊಂಬತ್ತು ವರ್ಷದಲ್ಲಿ ನನ್ನ ಕೈಗೆ ಒಂದು ಸಲಾನೂ ಸಿಗದೇ ಇರೋ ಇಲಿ ಒಂದು ಇಲ್ಲೆಲ್ಲೋ ಇದ್ದೇ ಇರುತ್ತೆ. ಬೆಣ್ಣೆ ಇಟ್ರೂ ಬರಲಿಲ್ಲ, ದಾರಿಗೆ ಅಡ್ಡ ಬೋನಿಟ್ರೂ ಪಕ್ಕಕ್ಕೆ ಸರಿದು ಹೋಯ್ತು. ಅದನ್ನೂ ಸೇರಿಸಿಯೇ ನೂರೈವತ್ತು ಅಂತ ಬರೆದಿರೋದು ನಾವು. ಅದನ್ನ ಒಂದೇ ಒಂದು ಸಲ ನೋಡಬೇಕು." ಇನ್ನೊಂದು ಬೀಜ ಕಿತ್ತು ಹಾಕಿ, ಯಾರಾದರೂ ತಪ್ಪು ತಿಳಿದಾರೆಂಬಂತೆ ಮೆಲ್ಲಗೆ ಹೇಳುತ್ತಾರೆ: "ಹಿಡಿಯೋಕಲ್ಲ."